ಅಜ್ಜಿ ಮನೆಯ ಇನ್ಲೇ ಪಟದಲ್ಲಿ ಆನೆಯ ಕೋರೆ ಉದುರಿದೆ, ರಿಪೇರಿ ಆಗುತ್ತಾ?

ಕುವೆಂಪುನಗರದಿಂದ

ಅಜ್ಜಿ ಮನೆಯಲ್ಲಿದ್ದ ಬೀಟೆ ಮರದ ಇನ್ಲೇ ಪಟ (ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಚೂರು ಕೂರಿಸಿ ಮಾಡಿದ ಚಿತ್ರ) ಈಗ ನನ್ನ ಹತ್ತಿರ ಇದೆ. ಜಂಬೂಸವಾರಿ ಚಿತ್ರ, ಎರಡು ಅಡಿ ಉದ್ದ ಇರಬಹುದು. 1960ರ ಆಸುಪಾಸಿನಲ್ಲಿ ಅಜ್ಜಿ ಮದುವೆಗೆ ಯಾರೋ ಕೊಟ್ಟಿದ್ದಂತೆ. ಅಷ್ಟು ವರ್ಷ ನಡುಮನೆ ಗೋಡೆ ಮೇಲೆ ಚೆನ್ನಾಗೇ ಇತ್ತು. ಈ ಮಳೆಗಾಲದಲ್ಲಿ ನಮ್ಮ ಗೋಡೆ ತೇವ ಹಿಡಿದು, ಆನೆಯ ಒಂದು ಕೋರೆ ಮತ್ತೆ ಅಂಬಾರಿಯ ಎರಡು ಬಿಳಿ ಚೂರು ಎದ್ದು ಬಂದಿವೆ. ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟಿದ್ದೇನೆ.

ಗೊತ್ತಿರುವ ಬಡಗಿಗೆ ತೋರಿಸಿದೆ. ಪುಟ್ಟಿ ತುಂಬಿ ಮೇಲೆ ಬಿಳಿ ಪೇಂಟ್ ಹೊಡೆದುಕೊಡ್ತೀನಿ ಅಂದರು. ಮನಸ್ಸು ಒಪ್ಪಲಿಲ್ಲ. ತಮ್ಮ ಸೂಪರ್ ಗ್ಲೂ ಹಾಕಿ ಮುಗಿಸು ಅಂತಾನೆ. ಇದನ್ನ ಸರಿಯಾಗಿ ಕೂರಿಸಿಕೊಡುವವರು ಮೈಸೂರಲ್ಲಿ ಈಗಲೂ ಇದ್ದಾರಾ? ಇನ್ನೊಂದು ಭಯ, ಆ ಬಿಳಿ ಚೂರು ನಿಜವಾದ ಆನೆದಂತ ಆಗಿದ್ದರೆ ಏನು ಮಾಡಬೇಕು?

ಮಂಡಿ ಮೊಹಲ್ಲಾದಿಂದ

ಅಕ್ಕಾ, ದಯವಿಟ್ಟು ಸೂಪರ್ ಗ್ಲೂ ಮುಟ್ಟಬೇಡಿ. ಸುತ್ತ ಬೆಳ್ಳಗೆ ಮಂಜು ಕಟ್ಟಿದ ಹಾಗೆ ಕಲೆ ಬೀಳುತ್ತೆ. ಆಮೇಲೆ ಬಿಡಿಸೋಕೆ ಹೋದರೆ ಚೂರೇ ಒಡೆಯುತ್ತೆ. ಪೇಂಟ್ ಅಂತೂ ಬೇಡವೇ ಬೇಡ.

ನಮ್ಮಪ್ಪ ನಲವತ್ತು ವರ್ಷ ಇದೇ ಕೆಲಸ ಮಾಡಿದವರು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಇನ್ಲೇಯಲ್ಲಿ ಬಣ್ಣ ಹಚ್ಚಿ ಚಿತ್ರ ಮಾಡೋದಲ್ಲ, ಮರದ್ದೇ ಬಣ್ಣ. ಹಳದಿ ಬೇಕಾದರೆ ಹಲಸು, ಕಪ್ಪಿಗೆ ಕರಿಮರ. ಚಿತ್ರವನ್ನ ಕಾಗದದ ಮೇಲೆ ಬರೆದು, ಒಂದೊಂದು ಭಾಗವನ್ನೂ ಬೇರೆ ಬೇರೆ ಮರದ ತೆಳು ಹಲಗೆ ಮೇಲೆ ಅಂಟಿಸಿ, ನೂಲಿನಂಥ ಗರಗಸದಲ್ಲಿ ಕೊಯ್ಯುತ್ತಾರೆ. ಆಮೇಲೆ ಬೀಟೆ ಹಲಗೆಯಲ್ಲಿ ಅದೇ ಆಕಾರಕ್ಕೆ ಗುಂಡಿ ತೋಡಿ ಕೂರಿಸೋದು. ಸಂದು ಉಳಿದರೆ ಬೀಟೆ ಹೊಟ್ಟನ್ನೇ ಅಂಟಲ್ಲಿ ಕಲಸಿ ತುಂಬುತ್ತಾರೆ. ಕಣ್ಣು, ರೆಪ್ಪೆ, ಸೀರೆ ನೆರಿಗೆ ಇವೆಲ್ಲ ಕೊನೆಗೆ ಚೂಪು ಉಳಿಯಲ್ಲಿ ಗೀರುವ ಗೆರೆ. ಅಪ್ಪ ಕಣ್ಣು ಗೀರುವಾಗ ನಾವು ಮಕ್ಕಳು ಮೇಜಿನ ಹತ್ತಿರ ಓಡಾಡುವ ಹಾಗಿರಲಿಲ್ಲ.

ಹಳೇ ಪಟಗಳಿಗೆ ಮರವಜ್ರ ಅನ್ನುವ ಅಂಟು ಹಾಕುತ್ತಿದ್ದರು. ತೇವ ತಾಗಿದರೆ ಅದು ಸಡಿಲ ಬಿಡುತ್ತೆ, ನಿಮ್ಮದೂ ಹಾಗೇ ಆಗಿರಬೇಕು. ಒಳ್ಳೇದು ಏನಂದರೆ, ಅದೇ ಗುಣದಿಂದ ಗುಂಡಿಯಲ್ಲಿರೋ ಹಳೇ ವಜ್ರವನ್ನ ಬಿಸಿನೀರಿನ ಬಟ್ಟೆಯಲ್ಲಿ ನೆನೆಸಿ ತೆಗೆದು, ಅದೇ ಚೂರನ್ನ ಮತ್ತೆ ಕೂರಿಸಬಹುದು. ಇದನ್ನೂ ನೀವೇ ಮಾಡೋಕೆ ಹೋಗಬೇಡಿ. ನಮ್ಮ ಮೊಹಲ್ಲಾದ ಗಲ್ಲಿಗಳಲ್ಲಿ ಒಂದು ಸಂಜೆ ಓಡಾಡಿ, ಕೆಲಸದವರು ಸಿಗುತ್ತಾರೆ. ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂನಲ್ಲೂ ಕೇಳಿ ನೋಡಿ. ಮೂರು ಚೂರು ತಾನೇ ಅಂತ ಮಾತ್ರ ಚೌಕಾಸಿ ಮಾಡಬೇಡಿ ಅಕ್ಕಾ. ಹಳೇದಕ್ಕೆ ಹೊಂದಿಸೋದು ಹೊಸದು ಮಾಡೋದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತೆ.

ಸರಸ್ವತಿಪುರಂನಿಂದ

ದಂತದ ವಿಚಾರ ಹೇಳುತ್ತೇನೆ ಮೇಡಂ. ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲು ನೋಡಿದ್ದೀರಲ್ವಾ, ಅದರಲ್ಲಿರೋದು ನಿಜವಾದ ದಂತ. ಹಿಂದೆ ಬಿಳಿ ಅಂದರೆ ಬಹಳ ಕಡೆ ದಂತವೇ. 1986ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂದು ಇಲ್ಲಿಯ ದಂತದ ವ್ಯಾಪಾರ ನಿಂತಿತು, 1991ರಲ್ಲಿ ಆಫ್ರಿಕಾದ್ದೂ ನಿಂತಿತು. ಆಮೇಲೆ ಕೆಲಸದವರು ಪ್ಲಾಸ್ಟಿಕ್ಕಿಗೆ, ಬಿಳಿ ಮರಕ್ಕೆ ಹೋದರು. ನಿಮ್ಮದು 1960ರ ಹೊತ್ತಿನದಾದರೆ ದಂತ ಇರುವ ಸಾಧ್ಯತೆ ಇದೆ. ಚೂರನ್ನ ಭೂತಗನ್ನಡಿಯಲ್ಲಿ ನೋಡಿ. ದಂತವಾದರೆ ನವಿರಾದ ಗೆರೆ ಕಾಣುತ್ತೆ, ಅಡ್ಡ ಕೊಯ್ದ ಕಡೆ ಗೆರೆಗಳು ಒಂದನ್ನೊಂದು ದಾಟಿ ಬಲೆಯ ಹಾಗಿರುತ್ತವೆ. ಪ್ಲಾಸ್ಟಿಕ್ ಆದರೆ ಒಂದೇ ಸಮ. ಸೂಜಿ ಕಾಯಿಸಿ ಚುಚ್ಚಿ ನೋಡಿ ಅನ್ನುವವರ ಮಾತು ಕೇಳಬೇಡಿ. ದಂತ ಅನ್ನಿಸಿದರೆ ಪಟ ಮಾರುವ ಯೋಚನೆ ಬೇಡ, ರಿಪೇರಿಗೆ ಕೊಡುವ ಮೊದಲೇ ಅರಣ್ಯ ಇಲಾಖೆ ಕಚೇರಿಯಲ್ಲಿ ನೇರವಾಗಿ ಕೇಳಿಬಿಡಿ.

ಮಂಡ್ಯದಿಂದ

ನಮ್ಮ ಮನೆಯ ಇನ್ಲೇ ಪೆಟ್ಟಿಗೆಗೆ ಆದದ್ದು ನಿಮ್ಮ ಪಟಕ್ಕೆ ಆಗದಿರಲಿ ಅಂತ ಬರೆಯುತ್ತಿದ್ದೇನೆ. ಹೊಳಪು ಹೋಗಿದೆ ಅಂತ ಒಂದು ಪಾಲಿಷ್ ಅಂಗಡಿಗೆ ಕೊಟ್ಟೆ. ಅವರು ಮಿಷನ್ನಿನಲ್ಲಿ ಉಜ್ಜಿಬಿಟ್ಟರು. ಪೆಟ್ಟಿಗೆ ಕನ್ನಡಿ ಹಾಗೆ ಹೊಳೆಯುತ್ತಾ ಬಂತು, ಆದರೆ ಮುಚ್ಚಳದ ಮೇಲಿದ್ದ ಹೆಂಗಸಿಗೆ ಕಣ್ಣೇ ಇರಲಿಲ್ಲ. ಗೀರಿದ್ದ ಗೆರೆಯೆಲ್ಲ ಸವೆದುಹೋಗಿತ್ತು. ನಮ್ಮಮ್ಮ ಅದನ್ನ ನೋಡಿ ಒಂದು ಮಾತೂ ಆಡದೆ ಒಳಗೆ ಹೋದರು. ಯಾರಿಗೆ ಕೊಟ್ಟರೂ ಮಿಷನ್ ಹಾಕಬಾರದು ಅಂತ ಮೊದಲೇ ಹೇಳಿ. ಕೊಡುವ ಮುಂಚೆ ಹತ್ತಿರದಿಂದ ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಿ.

ಕುವೆಂಪುನಗರದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭೂತಗನ್ನಡಿ ಹಿಡಿದು ನೋಡಿದೆ, ಕೋರೆಯ ಮುರಿದ ತುದಿಯಲ್ಲಿ ಬಲೆ ಇದೆ. ಅಂಬಾರಿ ಚೂರಿನಲ್ಲೂ ಇದೆ. ಸೋಮವಾರ ಅರಣ್ಯ ಇಲಾಖೆಗೆ ಹೋಗಿ ಕೇಳುತ್ತೇನೆ, ಆಮೇಲೆ ಮಂಡಿ ಮೊಹಲ್ಲಾ. ಪಟವನ್ನ ಗೋಡೆಯಿಂದ ಇಳಿಸಿ ಅಜ್ಜಿಯ ಹಳೇ ಹತ್ತಿ ಸೀರೆಯಲ್ಲಿ ಸುತ್ತಿಟ್ಟಿದ್ದೇನೆ. ಫೋಟೋ ತೆಗೆಯುವಾಗ ಮಾವುತನ ಮುಖ ಮೊದಲ ಸಲ ಅಷ್ಟು ಹತ್ತಿರದಿಂದ ಕಂಡಿತು. ಅಕ್ಕಿಕಾಳಿನಷ್ಟು ಮುಖಕ್ಕೆ ಮೀಸೆ ಕೂಡ ಗೀರಿದ್ದಾರೆ.