ವರ್ಕಿಂಗ್ ಮೆಮೊರಿ, ಅಟೆನ್ಶನ್: ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ

ಪದವಿ ತರಗತಿಯ ಮನೋವಿಜ್ಞಾನದ ಪಾಠವೊಂದು ಕನ್ನಡಕ್ಕೆ ಬರುತ್ತಿದೆ. ನಾಲ್ಕು ಕಡೆ ತೊಡಕಾಗಿದೆ. ಶಾರ್ಟ್ ಟರ್ಮ್ ಮೆಮೊರಿ, ವರ್ಕಿಂಗ್ ಮೆಮೊರಿ ಎರಡಕ್ಕೂ ‘ಅಲ್ಪಾವಧಿ ಸ್ಮೃತಿ’ ಎಂದೇ ಬರೆಯಬಹುದೇ? ರಿಹರ್ಸಲ್ ಎಂಬುದಕ್ಕೆ ‘ಪೂರ್ವಾಭ್ಯಾಸ’ ಎಂದಿದೆ. ಓದಿದವರು ನಾಟಕದ ತಾಲೀಮು ಎಂದುಕೊಳ್ಳುತ್ತಾರೆ. ರೀಕಾಲ್ ಮತ್ತು ರೆಕಗ್ನಿಷನ್‌ಗಳನ್ನು ಬೇರ್ಪಡಿಸುವುದು ಹೇಗೆ? ಅಟೆನ್ಶನ್‌ಗೆ ಗಮನ, ಲಕ್ಷ್ಯ, ಏಕಾಗ್ರತೆ, ಅವಧಾನ ಈ ನಾಲ್ಕರಲ್ಲಿ ಯಾವುದು ನಿಲ್ಲುತ್ತದೆ? ಪದ ಯಾಕೆ ಸರಿ, ಯಾಕೆ ತಪ್ಪು ಎಂದು ಕಾರಣ ಸಹಿತ ತಿಳಿಸಿದರೆ ಉಪಕಾರ.

ಮೊದಲ ಉತ್ತರ

ಎರಡಕ್ಕೂ ಒಂದೇ ಪದ ಖಂಡಿತ ಬೇಡ. ಯಾರಿಗಾದರೂ 5, 8, 2, 9 ಎಂದು ಸೆಕೆಂಡಿಗೊಂದರಂತೆ ಅಂಕಿ ಓದಿ, ಅದೇ ಕ್ರಮದಲ್ಲಿ ಒಪ್ಪಿಸಲು ಹೇಳಿ. ಕೇಳಿದ್ದನ್ನು ಅರೆಗಳಿಗೆ ಹಿಡಿದಿಟ್ಟುಕೊಂಡರೆ ಸಾಕು. ಅದನ್ನೇ ಕೊನೆಯಿಂದ ಮೊದಲಿಗೆ ಹೇಳಲು ಕೇಳಿ: 9, 2, 8, 5. ಈಗ ಹಿಡಿದಿಟ್ಟುಕೊಂಡೇ ತಿರುಗಿಸಬೇಕು. ಮೊದಲನೆಯದು ಅಲ್ಪಾವಧಿ ನೆನಪಿನ ಪರೀಕ್ಷೆ, ಎರಡನೆಯದಕ್ಕೆ ವರ್ಕಿಂಗ್ ಮೆಮೊರಿ ಬೇಕು.

ಬಾಯಿಲೆಕ್ಕದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 47ನ್ನು 6ರಿಂದ ಗುಣಿಸಿ. ಆರೇಳ್ಲ ನಲವತ್ತೆರಡು, ಎರಡು ಇಟ್ಟು ದಶಕ ನಾಲ್ಕು. ಆರ್ನಾಲ್ಕ್ಲ ಇಪ್ಪತ್ನಾಲ್ಕು, ದಶಕದ ನಾಲ್ಕು ಸೇರಿ ಇಪ್ಪತ್ತೆಂಟು. ಉತ್ತರ 282. ಎರಡನೆಯ ಮಗ್ಗಿ ಹೇಳುತ್ತಿರುವಾಗ ಇಟ್ಟ 2, ದಶಕದ 4, ಯಾವ ಹಂತದಲ್ಲಿದ್ದೇವೆ ಎಂಬ ಅರಿವು, ಈ ಮೂರೂ ಜಾರದೆ ಇರಬೇಕು. ಮಗು 242 ಎಂದರೆ ಮಗ್ಗಿ ಬರುವುದಿಲ್ಲ ಎಂದು ಗದರಿಸುತ್ತೇವೆ. ಮಗ್ಗಿ ಎರಡೂ ಸರಿಯಾಗಿದೆ, ಜಾರಿದ್ದು ದಶಕ ಮಾತ್ರ. ಈ ವ್ಯತ್ಯಾಸ ಮೇಷ್ಟರಿಗೆ ಗೊತ್ತಾಗಬೇಕಾದರೆ ಪಾಠದಲ್ಲಿ ಎರಡು ಪದಗಳಿರಲೇಬೇಕು.

ಪದಗಳ ಹಿಂದಿನ ಸಿದ್ಧಾಂತಗಳೂ ಬೇರೆ. 1968ರಲ್ಲಿ ಅಟ್ಕಿನ್ಸನ್ ಮತ್ತು ಶಿಫ್ರಿನ್ ಇಂದ್ರಿಯ ನೆನಪು, ಅಲ್ಪಾವಧಿ, ದೀರ್ಘಾವಧಿ ಎಂದು ಮೂರು ಉಗ್ರಾಣಗಳ ಮಾದರಿ ಕೊಟ್ಟರು. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ನಡುವಿನ ಉಗ್ರಾಣವನ್ನು ಒಡೆದು, ಅದೊಂದು ಕೆಲಸದ ಜಾಗವೆಂದು ತೋರಿಸಿದರು: ಮಾತನ್ನು ಹಿಡಿದಿಡುವ ಒಂದು ಭಾಗ, ಕಂಡದ್ದನ್ನೂ ಜಾಗವನ್ನೂ ಹಿಡಿದಿಡುವ ಇನ್ನೊಂದು, ಇವೆರಡರ ಮೇಲೆ ಯಜಮಾನಿಕೆ ನಡೆಸುವ ಮೂರನೆಯದು. 2000ದಲ್ಲಿ ಬ್ಯಾಡ್ಲಿ ನಾಲ್ಕನೆಯದೊಂದನ್ನು ಸೇರಿಸಿದರು. ಬಿಡಿಬಿಡಿಯಾಗಿ ಬಂದದ್ದನ್ನು ಒಂದು ಪ್ರಸಂಗವಾಗಿ ಹೆಣೆಯುವುದು ಅದರ ಕೆಲಸ.

ಪದಕ್ಕೆ ಬರುತ್ತೇನೆ. ‘ಕಾರ್ಯಕಾರಿ ಸ್ಮೃತಿ’ ಬೇಡ. ಕಾರ್ಯಕಾರಿ ಎಂದರೆ ಸಮಿತಿ ನೆನಪಾಗುತ್ತದೆ, ಜೊತೆಗೆ ಮೇಲೆ ಹೇಳಿದ ಯಜಮಾನ ಭಾಗದೊಂದಿಗೆ ಗೊಂದಲವಾಗುತ್ತದೆ. ‘ಕೆಲಸದ ನೆನಪು’ ಎಂದರೆ ಮಾಡಬೇಕಾದ ಕೆಲಸ ನೆನಪಾಯಿತು ಎಂಬ ಅರ್ಥ ಬಂದುಬಿಡುತ್ತದೆ. ‘ಕಾರ್ಯನಿರತ ಸ್ಮೃತಿ’ ಅರ್ಥದಲ್ಲಿ ತಪ್ಪಿಲ್ಲ, ಪರೀಕ್ಷೆಗೆ ಓದುವವರಿಗೆ ಇಟ್ಟುಕೊಳ್ಳಬಹುದು. ನನ್ನ ಆಯ್ಕೆ ‘ಚಾಲ್ತಿ ನೆನಪು’. ಬ್ಯಾಂಕಿನ ಚಾಲ್ತಿ ಖಾತೆ, ಉಳಿತಾಯ ಖಾತೆ ಎಲ್ಲರಿಗೂ ಗೊತ್ತು. ಚಾಲ್ತಿ ಖಾತೆಯ ಹಣ ಕೂಡಿಡಲು ಇಟ್ಟದ್ದಲ್ಲ, ಓಡಾಡಿಸಲು ಇಟ್ಟದ್ದು. ಆ ಅರ್ಥ ಇಲ್ಲಿ ಹಾಗೇ ಕೂಡುತ್ತದೆ. ಮಾತಿನ ಭಾಗಕ್ಕೆ ‘ಧ್ವನಿಸುರುಳಿ’ ಎಂದು ಮಾತ್ರ ಬರೆಯಬೇಡಿ, ಅದು ಕ್ಯಾಸೆಟ್. ತಾಳದಂತೆ ಸುತ್ತಿ ಸುತ್ತಿ ಬರುವುದರಿಂದ ‘ಧ್ವನಿ ಆವರ್ತ’ ಎನ್ನಿ. ಬರೆದು ಒರೆಸುವ ಗುಣವಿರುವುದರಿಂದ ಇನ್ನೊಂದಕ್ಕೆ ‘ದೃಶ್ಯ ಹಲಗೆ’. ಯಜಮಾನ ಭಾಗಕ್ಕೆ ‘ಮೇಲ್ವಿಚಾರಕ’ ಸಾಕು.

ಈ ನೆನಪಿನ ಗಾತ್ರ ಹೇಳುವಾಗ ಚಂಕ್ ಎಂಬ ಪದ ಬರುತ್ತದೆ. 1956ರಲ್ಲಿ ಜಾರ್ಜ್ ಮಿಲ್ಲರ್ ಏಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂದರು. 2001ರಲ್ಲಿ ನೆಲ್ಸನ್ ಕೋವನ್, ಉರು ಹೊಡೆಯಲು ಅವಕಾಶ ಕೊಡದಿದ್ದರೆ ನಾಲ್ಕರ ಆಸುಪಾಸು ಎಂದರು. ಏಳು ಏನು, ನಾಲ್ಕು ಏನು? ಅಂಕಿಯಲ್ಲ, ಚಂಕ್. ಇದಕ್ಕೆ ‘ಕಟ್ಟು’ ಎನ್ನೋಣ. ಸೊಪ್ಪಿನ ಕಟ್ಟಿನಲ್ಲಿ ಎಷ್ಟು ಕಡ್ಡಿ ಇದ್ದರೂ ಲೆಕ್ಕಕ್ಕೆ ಅದು ಒಂದೇ ಕಟ್ಟು. 1947195019561973 ಎಂಬ ಹದಿನಾರು ಅಂಕಿಯನ್ನು ಒಮ್ಮೆ ಕೇಳಿ ಹೇಳುವುದು ಕಷ್ಟ. ಸ್ವಾತಂತ್ರ್ಯ, ಗಣರಾಜ್ಯ, ಏಕೀಕರಣ, ಕರ್ನಾಟಕವೆಂಬ ಹೆಸರು ಎಂದು ಕಂಡವರಿಗೆ ನಾಲ್ಕೇ ಕಟ್ಟು. ಕಟ್ಟುವ ಹಗ್ಗ ಮೊದಲೇ ದೀರ್ಘಾವಧಿ ನೆನಪಿನಲ್ಲಿರಬೇಕು. ಈ ವರ್ಷಗಳನ್ನು ಅರಿಯದವರಿಗೆ ಅವು ಹದಿನಾರು ಅಂಕಿಗಳಾಗಿಯೇ ಉಳಿಯುತ್ತವೆ. ‘ಗುಂಪು’ ಎಂದು ಅನುವಾದಿಸಿದರೆ ಈ ಒಗ್ಗೂಡಿಸುವ ಕ್ರಿಯೆಯೇ ಕಾಣೆಯಾಗುತ್ತದೆ.

ಅಂಕಿ ಪರೀಕ್ಷೆಯನ್ನು ಕನ್ನಡಕ್ಕೆ ತರುವವರು ಒಂದು ಎಚ್ಚರ ವಹಿಸಬೇಕು. ಧ್ವನಿ ಆವರ್ತದಲ್ಲಿ ಹಿಡಿಸುವುದು ಸುಮಾರು ಎರಡು ಸೆಕೆಂಡಿನಲ್ಲಿ ಹೇಳಬಹುದಾದಷ್ಟು ಮಾತು. ಉದ್ದ ಪದಗಳಾದರೆ ಕಡಿಮೆ, ಗಿಡ್ಡ ಪದಗಳಾದರೆ ಹೆಚ್ಚು ಎಂದು 1975ರಲ್ಲಿ ಬ್ಯಾಡ್ಲಿ ಮತ್ತು ಸಂಗಡಿಗರು ತೋರಿಸಿದರು. 1980ರಲ್ಲಿ ಎಲಿಸ್ ಮತ್ತು ಹೆನ್ನೆಲಿ ವೆಲ್ಷ್ ಹಾಗೂ ಇಂಗ್ಲಿಷ್ ಎರಡೂ ಬಲ್ಲವರನ್ನು ಪರೀಕ್ಷಿಸಿದಾಗ, ಹೇಳಲು ಹೆಚ್ಚು ಹೊತ್ತು ಹಿಡಿಯುವ ವೆಲ್ಷ್ ಅಂಕಿಗಳು ಕಡಿಮೆ ನೆನಪುಳಿದವು. ಈಗ ನಮ್ಮ ಅಂಕಿ ನೋಡಿ. ಒಂದು, ಮೂರರಿಂದ ಎಂಟರವರೆಗೆ ಎಲ್ಲವೂ ಎರಡಕ್ಷರ, ಎರಡು ಮತ್ತು ಒಂಬತ್ತಕ್ಕೆ ಮೂರು. ಇಂಗ್ಲಿಷಿನ ಒಂದರಿಂದ ಒಂಬತ್ತರಲ್ಲಿ ಸೆವೆನ್ ಬಿಟ್ಟರೆ ಎಲ್ಲಕ್ಕೂ ಒಂದೇ ಉಚ್ಚಾರ ಘಟಕ. ಆದ್ದರಿಂದ ಇಂಗ್ಲಿಷ್ ಅಂಕಿಗಳ ಮೇಲೆ ನಿಗದಿಯಾದ ಅಳತೆಗೋಲಿನಲ್ಲಿ ಕನ್ನಡದಲ್ಲಿ ಉತ್ತರಿಸಿದ ಮಗುವನ್ನು ಅಳೆಯಬಾರದು. ಭಾಷೆಯ ಹೊರೆ ಮಗುವಿನ ತಲೆಗೆ ಬೀಳುತ್ತದೆ.

ರಿಹರ್ಸಲ್‌ಗೆ ‘ಪೂರ್ವಾಭ್ಯಾಸ’ ತಪ್ಪು. ಇಲ್ಲಿನ ಅರ್ಥ, ಕೇಳಿದ್ದು ಅಳಿಸದಿರಲಿ ಎಂದು ಒಳಗೊಳಗೇ ಹೇಳಿಕೊಳ್ಳುವುದು. 1959ರಲ್ಲಿ ಪೀಟರ್ಸನ್ ದಂಪತಿ ಮೂರು ವ್ಯಂಜನಗಳನ್ನು ಕೊಟ್ಟು, ಒಡನೆಯೇ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತ ಗಟ್ಟಿಯಾಗಿ ಎಣಿಸಲು ಹೇಳಿದರು. ಒಳಗೆ ಹೇಳಿಕೊಳ್ಳುವ ದಾರಿ ಮುಚ್ಚಿತು. 18 ಸೆಕೆಂಡಿನಲ್ಲಿ ಬಹುಪಾಲು ಮರೆತುಹೋಯಿತು. ಮುಚ್ಚಿದ್ದು ಏನನ್ನು ಎಂದು ಕೇಳಿದರೆ ಕನ್ನಡ ತಟ್ಟನೆ ಹೇಳುತ್ತದೆ: ಉರು ಹೊಡೆಯುವುದನ್ನು. ಬರಿದೆ ಪುನರುಚ್ಚರಿಸುವುದಕ್ಕೆ ‘ಉರು’, ಅರ್ಥ ಬಿಡಿಸಿ ತಿಳಿದದ್ದಕ್ಕೆ ಹೊಂದಿಸುವುದಕ್ಕೆ ‘ಮನನ’. ‘ಮೆಲುಕು’ ಸೊಗಸಾದ ಪದ, ಆದರೆ ಈಗ ಅದು ಹಳೆಯ ದಿನಗಳನ್ನು ನೆನೆದು ಸುಖಿಸುವ ಅರ್ಥಕ್ಕೆ ಸರಿದಿದೆ.

ಇನ್ನು ಮೆಮೊರಿ. ಎಲ್ಲ ಕಡೆ ಸ್ಮೃತಿ ಎಂದೇ ತುಂಬುವ ಅಗತ್ಯವಿಲ್ಲ. ಆ ಪದಕ್ಕೆ ಧರ್ಮಶಾಸ್ತ್ರದ ಅರ್ಥವೂ ಅಂಟಿಕೊಂಡಿದೆ. ನೆನಪು ಸಾಕು, ಏಕೆಂದರೆ ಇಂಗ್ಲಿಷ್ ಪಾಠ ನಾಮಪದಗಳಲ್ಲಿ ಹೇಳುವ ಹಂತಗಳನ್ನು ಕನ್ನಡ ಕ್ರಿಯಾಪದದಲ್ಲೇ ಬಿಡಿಸಿಟ್ಟಿದೆ. ‘ನೆನಪಿಟ್ಟುಕೊಂಡಳು’ ಎಂದರೆ ಒಳಗಿಟ್ಟಳು. ‘ನೆನಪಿದೆ’ ಎಂದರೆ ಇದೆ, ಉಳಿದಿದೆ. ‘ನೆನಪಿಸಿಕೊಂಡಳು’ ಎಂದರೆ ಯತ್ನಪಟ್ಟು ಹೊರತೆಗೆದಳು. ‘ಅವಳಿಗೆ ನೆನಪಾಯಿತು’ ಎಂದರೆ ತಾನಾಗಿ ಬಂತು; ಇಲ್ಲಿ ವ್ಯಕ್ತಿ ಕರ್ತೃವಾಗಿಲ್ಲ, ಚತುರ್ಥಿಯಲ್ಲಿ ನಿಂತಿದ್ದಾಳೆ. ಯತ್ನದ ನೆನಪು, ಯತ್ನವಿಲ್ಲದ ನೆನಪು ಎಂಬ ಭೇದವನ್ನು ಪಾಠ ಅರ್ಧ ಪುಟದಲ್ಲಿ ವಿವರಿಸುತ್ತದೆ. ನಮ್ಮಲ್ಲಿ ಅದು ವಿಭಕ್ತಿಯಲ್ಲೇ ಇದೆ. ‘ಸಂಕೇತೀಕರಣ, ಸಂಗ್ರಹಣೆ, ಪುನಃಪ್ರಾಪ್ತಿ’ ಎಂಬ ಸಾಲನ್ನು ಶೀರ್ಷಿಕೆಯಲ್ಲಿ ಒಮ್ಮೆ ಹಾಕಿ, ಒಳಗೆ ಇಡುವುದು, ಉಳಿಯುವುದು, ತೆಗೆಯುವುದು ಎಂದೇ ಬರೆಯಿರಿ.

ರೀಕಾಲ್, ರೆಕಗ್ನಿಷನ್ ಭೇದ ನಮ್ಮ ತರ್ಕಶಾಸ್ತ್ರಕ್ಕೆ ಹಳೆಯದು. ಅನ್ನಂಭಟ್ಟನ ತರ್ಕಸಂಗ್ರಹ ಸ್ಮೃತಿಯನ್ನು ‘ಸಂಸ್ಕಾರಮಾತ್ರಜನ್ಯಂ ಜ್ಞಾನಂ’ ಎನ್ನುತ್ತದೆ: ಹಿಂದಿನ ಅಚ್ಚಿನಿಂದ ಮಾತ್ರ ಹುಟ್ಟಿದ ತಿಳಿವು. ಆ ‘ಮಾತ್ರ’ ಪ್ರತ್ಯಭಿಜ್ಞೆಯನ್ನು, ಅಂದರೆ ಗುರುತು ಹಿಡಿಯುವುದನ್ನು, ಹೊರಗಿಡಲು ಬಂದದ್ದು. ಅಲ್ಲಿ ಅಚ್ಚಿನ ಜೊತೆ ಕಣ್ಣೆದುರಿನ ವಸ್ತುವೂ ಇರುತ್ತದೆ, ‘ಅವನೇ ಇವನು’ ಎಂದಂತೆ. ಹೊಂದಿಸಿ ಬರೆಯಿರಿ ಎಂಬ ಪ್ರಶ್ನೆಯಲ್ಲಿ ಅಂಕ ಬಂದು, ಬಿಟ್ಟ ಸ್ಥಳ ತುಂಬಿರಿ ಎಂಬಲ್ಲಿ ಬಾರದಿರುವುದಕ್ಕೆ ಇದೇ ಕಾರಣ. ರೀಕಾಲ್‌ಗೆ ‘ನೆನಪಿಸಿಕೊಳ್ಳುವುದು’, ರೆಕಗ್ನಿಷನ್‌ಗೆ ‘ಗುರುತು ಹಿಡಿಯುವುದು’ ಎನ್ನಿ. ಪ್ರತ್ಯಭಿಜ್ಞೆ ಅಡಿಟಿಪ್ಪಣಿಯಲ್ಲಿರಲಿ.

ರಿಟ್ರೀವಲ್ ಕ್ಯೂ ಎಂಬುದಕ್ಕೆ ‘ಸುಳಿವು’ ಎಂದರೆ ಚೊಕ್ಕ. ಸಂಸ್ಕೃತದಲ್ಲಿ ‘ಜ್ಞಾಪಕ’ ಎಂದರೆ ತಿಳಿಯುವಂತೆ ಮಾಡುವಂಥದು, ಅಂದರೆ ಸುಳಿವೇ. ಕನ್ನಡಕ್ಕೆ ಬಂದು ಅದು ನೆನಪೇ ಆಯಿತು. ಈಗ ಹಿಂದಕ್ಕೆ ಎಳೆಯಲಾಗದು. ಮರೆವಿನ ವಿಷಯಕ್ಕೂ ಸುಳಿವು ಬೇಕು. 1966ರಲ್ಲಿ ಟುಲ್ವಿಂಗ್ ಮತ್ತು ಪರ್ಲ್‌ಸ್ಟೋನ್ ಪದಪಟ್ಟಿ ಕಲಿಸಿ, ಕೆಲವರಿಗೆ ವರ್ಗದ ಹೆಸರನ್ನು ಸುಳಿವಾಗಿ ಕೊಟ್ಟರು. ಅವರಿಗೆ ಹೆಚ್ಚು ಪದ ಬಂದವು. ಬಾರದೆ ಉಳಿದವು ಅಳಿಸಿಹೋಗಿರಲಿಲ್ಲ, ಮರೆಯಲ್ಲಿದ್ದವು. ಮರೆವು, ಮರೆ ಎರಡೂ ಹಳಗನ್ನಡದಲ್ಲಿ ಱಕಾರದ (ಈಗ ಬಿಟ್ಟುಹೋದ ಹಳೆಯ ರಕಾರದ) ಮಾತುಗಳೇ ಎಂಬುದು ಇಲ್ಲಿ ನೆನೆಯತಕ್ಕದ್ದು. ಬೇಳೆ ನೆನೆಯುವ ‘ನೆನೆ’ಗೂ ನೆನಪಿಗೂ ಮಾತ್ರ ನಂಟು ಕಟ್ಟಬೇಡಿ. ತಮಿಳಿನಲ್ಲಿ ಅವು ನನೈ, ನಿನೈ ಎಂದು ಬೇರೆಯಾಗಿಯೇ ಇವೆ.

ಅಟೆನ್ಶನ್‌ಗೆ ‘ಗಮನ’ ಇರಲಿ. ಮೂಲದಲ್ಲಿ ಅದು ಹೋಗುವುದು. ಆಗಮನ, ನಿರ್ಗಮನದಲ್ಲಿ ಆ ಅರ್ಥ ಈಗಲೂ ಉಳಿದಿದೆ. ನಾವಾಗಿ ಗಮನ ಕೊಡುತ್ತೇವೆ, ಹೊರಗಿನ ಸದ್ದು ಗಮನ ಸೆಳೆಯುತ್ತದೆ. ಒಳಗಿನಿಂದ ಹೊರಡುವ ಗಮನ, ಹೊರಗಿನಿಂದ ಎಳೆಯಲ್ಪಡುವ ಗಮನ ಎಂಬ ವಿಂಗಡಣೆ ಈ ಎರಡು ಕ್ರಿಯಾಪದಗಳಲ್ಲೇ ಮುಗಿಯುತ್ತದೆ. ‘ಏಕಾಗ್ರತೆ’ ಗಮನದ ಒಂದು ಸ್ಥಿತಿ ಮಾತ್ರ. ‘ವಿಭಜಿತ ಏಕಾಗ್ರತೆ’ ಎಂದು ಬರೆದು ನೋಡಿದರೆ ತೊಂದರೆ ತಿಳಿಯುತ್ತದೆ. ‘ಲಕ್ಷ್ಯ’ ಉತ್ತರ ಕರ್ನಾಟಕದವರ ಬಾಯಲ್ಲಿ ಜೀವಂತವಾಗಿದೆ, ತಪ್ಪೇನಿಲ್ಲ. ಬಹಳ ಹೊತ್ತು ಕಾಯುವ ವಿಜಿಲೆನ್ಸ್‌ಗೆ ‘ನಿಗಾ’ ಎನ್ನಿ. 1948ರಲ್ಲಿ ಮ್ಯಾಕ್‌ವರ್ತ್ ಗಡಿಯಾರದಂಥ ಮುಳ್ಳೊಂದನ್ನು ಎರಡು ಗಂಟೆ ನೋಡಿಸಿ, ಅಪರೂಪಕ್ಕೊಮ್ಮೆ ಅದು ಎರಡು ಹೆಜ್ಜೆ ಹಾರಿದ್ದನ್ನು ಹೇಳಲು ಕೇಳಿದರು. ಮೊದಲ ಅರ್ಧ ಗಂಟೆ ಕಳೆಯುತ್ತಲೇ ತಪ್ಪಿಹೋಗುವುದು ಹೆಚ್ಚಿತು. ತೀವ್ರ ನಿಗಾ ಘಟಕದಲ್ಲಿ ಪರದೆ ನೋಡುತ್ತ ಕೂರುವವರ ಕೆಲಸ ಇದೇ ಜಾತಿಯದು.

ಎರಡನೆಯ ಉತ್ತರ

ಮೇಲಿನದಕ್ಕೆ ನನ್ನ ತಕರಾರು ಒಂದೇ: ಅವಧಾನದ ಬಗ್ಗೆ ಏನೂ ಹೇಳಿಲ್ಲ. ವಿಭಜಿತ ಗಮನದ ಪಾಠಕ್ಕೆ ನಮ್ಮಲ್ಲೇ ಇರುವ ಉದಾಹರಣೆ ಅಷ್ಟಾವಧಾನ, ಅಂದರೆ ಎಂಟು ಮಂದಿಯ ಸವಾಲುಗಳನ್ನು ಒಬ್ಬರೇ ಬರೆದುಕೊಳ್ಳದೆ ನಿಭಾಯಿಸುವ ಕಲೆ. ಶತಾವಧಾನಿ ರಾ. ಗಣೇಶರಿಂದ ಕನ್ನಡದಲ್ಲಿ ಈ ಕಲೆಗೆ ಮರುಜೀವ ಬಂದಿದೆ. ಎಂಟು ಪೃಚ್ಛಕರು (ಪ್ರಶ್ನೆ ಕೇಳುವವರು) ನಿಷೇಧಾಕ್ಷರಿ (ಬೇಡವೆಂದ ಅಕ್ಷರ ಬಿಟ್ಟು ಪದ್ಯ ಕಟ್ಟುವುದು), ಸಮಸ್ಯೆ (ಕೊಟ್ಟ ಸಾಲಿಗೆ ಪದ್ಯ ಪೂರೈಸುವುದು), ದತ್ತಪದಿ (ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಕಟ್ಟುವುದು), ಸಂಖ್ಯಾಬಂಧ (ಸಂಖ್ಯೆಗಳ ಚೌಕ ತುಂಬುವುದು) ಮುಂತಾಗಿ ಕೇಳುತ್ತ ಹೋಗುತ್ತಾರೆ. ಪದ್ಯದ ಪ್ರಶ್ನೆಗಳಿಗೆ ಸುತ್ತಿಗೊಂದು ಪಾದದಂತೆ ನಾಲ್ಕು ಸುತ್ತಿನಲ್ಲಿ ಉತ್ತರ. ಅಪ್ರಸ್ತುತ ಪ್ರಸಂಗದವರು ನಡುನಡುವೆ ಮಾತೆಳೆದು ಕೆಡಿಸುತ್ತಿರುತ್ತಾರೆ. ಕೊನೆಗೆ ಎಲ್ಲ ಪದ್ಯಗಳನ್ನೂ ಒಪ್ಪಿಸುವ ಧಾರಣ.

ಎಂಟನ್ನೂ ಒಂದೇ ಕ್ಷಣದಲ್ಲಿ ಗಮನಿಸುತ್ತಾರೆ ಎಂದು ಮಾತ್ರ ಬರೆಯಬೇಡಿ. ಗಮನ ಸರದಿಯಲ್ಲಿ ಹೊರಳುತ್ತದೆ, ಬಿಟ್ಟ ಎಳೆಯನ್ನು ಮತ್ತೆ ಹಿಡಿಯಲು ಸುಳಿವು ಬೇಕು. ಆ ಸುಳಿವು ಛಂದಸ್ಸಿನಲ್ಲಿದೆ. ಆದಿಪ್ರಾಸದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ. ಮೊದಲ ಪಾದ ನೆನಪಾದರೆ ಉಳಿದ ಮೂರರ ಆರಂಭಕ್ಕೆ ಬರಬಹುದಾದ ಪದಗಳು ಬೆರಳೆಣಿಕೆಗೆ ಇಳಿಯುತ್ತವೆ. ಸಂಖ್ಯಾಬಂಧದ ಐದೈದರ ಚೌಕದಲ್ಲೂ ಇಪ್ಪತ್ತೈದು ಸಂಖ್ಯೆಗಳನ್ನು ಹೊರಬೇಕಿಲ್ಲ. ಕಟ್ಟುವ ನಿಯಮ, ಬರಬೇಕಾದ ಮೊತ್ತ ಎರಡು ಗೊತ್ತಿದ್ದರೆ ಯಾವ ಮನೆ ಕೇಳಿದರೂ ಲೆಕ್ಕ ಹಾಕಿ ಹೇಳಬಹುದು. ಮೇಲೆ ಬಂದ ‘ಕಟ್ಟು’ ಇಲ್ಲಿ ಎರಡರ್ಥದಲ್ಲೂ ಸರಿಹೊಂದುತ್ತದೆ.

ಆದ್ದರಿಂದ ಅಟೆನ್ಶನ್‌ಗೆ ಸಾಮಾನ್ಯವಾಗಿ ಗಮನ ಎಂದೇ ಬರೆದರೂ, ಸಮಾಸ ಕಟ್ಟಬೇಕಾದ ಕಡೆ ಅವಧಾನ ಬಿಡಬೇಡಿ. ‘ಅನವಧಾನ’ ನಮ್ಮ ಬಳಕೆಯಲ್ಲಿರುವ ಮಾತು. ಚೆಂಡೆಸೆತ ಎಣಿಸುತ್ತಿದ್ದವರಲ್ಲಿ ಅರ್ಧದಷ್ಟು ಮಂದಿಗೆ ನಡುವೆ ಬಂದುಹೋದ ಗೊರಿಲ್ಲಾ ವೇಷ ಕಾಣಲೇ ಇಲ್ಲ ಎಂಬ 1999ರ ಸೈಮನ್ಸ್ ಮತ್ತು ಶಾಬ್ರಿ ಪ್ರಯೋಗಕ್ಕೆ ‘ಅನವಧಾನದ ಕುರುಡು’ ಎಂದರೆ ವಿವರಣೆ ಬೇಕಿಲ್ಲ. ‘ಸಾವಧಾನ’ವನ್ನು ಮಾತ್ರ ತರಬೇಡಿ. ಮೂಲದಲ್ಲಿ ಅದು ಅವಧಾನದಿಂದ ಕೂಡಿದ್ದೇ ಆದರೂ, ಕನ್ನಡದವರು ಅದನ್ನು ‘ನಿಧಾನವಾಗಿ, ತಾಳ್ಮೆಯಿಂದ’ ಎಂದೇ ಓದುತ್ತಾರೆ.