ಸಿಮ್ಸ್ 4: ಮೂರೇ ದಿನಕ್ಕೆ ಬೇಜಾರಾಗುತ್ತೆ, ನೀವೆಲ್ಲ ಹೇಗೆ ಆಡ್ತೀರಿ?

ಕೇಳಿದವರು, ಹುಬ್ಬಳ್ಳಿಯಿಂದ

ಸಿಮ್ಸ್ 4, ಅಂದರೆ ಸಿಮ್ ಅನ್ನುವ ಪುಟ್ಟ ಮನುಷ್ಯರನ್ನು ಮಾಡಿ ಅವರ ಬದುಕು ನಡೆಸುವ ಕಂಪ್ಯೂಟರ್ ಗೇಮ್, ಆಡಲು ಶುರು ಮಾಡಿ ಎರಡು ತಿಂಗಳಾಯಿತು. ಮೂಲ ಗೇಮ್ 2022ರಿಂದ ಉಚಿತ ಅಂತ ಗೊತ್ತಾಗಿ ಇಳಿಸಿಕೊಂಡೆ. ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಪ್ಯಾಕ್ ಒಂದೂ ತಗೊಂಡಿಲ್ಲ. ರಾತ್ರಿ ಊಟ ಆದಮೇಲೆ ಒಂದು ಗಂಟೆ ಸಿಗುತ್ತದೆ, ಅಷ್ಟೇ.

ಪ್ರತಿ ಸಲ ಆಗುವುದು ಇದೇ. ಒಬ್ಬ ಸಿಮ್‌ನ ಮುಖ, ಬಟ್ಟೆ, ಸ್ವಭಾವ ಎಲ್ಲ ಕೂತು ಆರಿಸುತ್ತೇನೆ. ಕೈಯಲ್ಲಿರುವ ಗೇಮ್‌ನ ದುಡ್ಡು, 20,000 ಸಿಮೋಲಿಯನ್‌ನಲ್ಲಿ ಪುಟ್ಟ ಮನೆ ಕೊಡಿಸಿ ಕೆಲಸಕ್ಕೆ ಸೇರಿಸುತ್ತೇನೆ. ಆಮೇಲೆ ಊಟ, ಸ್ನಾನ, ಕೆಲಸ, ನಿದ್ದೆ, ಮತ್ತೆ ಊಟ. ಗೇಮ್‌ನ ಮೂರನೇ ದಿನಕ್ಕೆ ಬೇಜಾರಾಗಿ ಹೊಸ ಸಿಮ್ ಮಾಡಲು ಕೂರುತ್ತೇನೆ. ಹೀಗೆ 14 ಕುಟುಂಬ ಆಗಿವೆ. ಎಲ್ಲರನ್ನೂ ಗೇಮ್‌ನ ಲೈಬ್ರರಿಯಲ್ಲಿ ಉಳಿಸಿದ್ದೇನೆ, ಅಳಿಸಲು ಮನಸ್ಸಾಗಲ್ಲ. ಆದರೆ ಒಂದು ಮನೆಯಲ್ಲೂ ಇನ್ನೂ ಮಗು ಹುಟ್ಟಿಲ್ಲ. ಬೇರೆಯವರು ಹತ್ತು ತಲೆಮಾರು ಆಡಿದೆವು ಅನ್ನುತ್ತಾರೆ. ನಾನು ಆಡುವ ರೀತಿಯೇ ತಪ್ಪಾ?

ಮೈಸೂರಿನಿಂದ

ತಪ್ಪು ಅನ್ನುವುದೇ ಈ ಗೇಮ್‌ನಲ್ಲಿ ಇಲ್ಲ ತಂಗಿ. ಗೆಲ್ಲುವುದೂ ಇಲ್ಲ, ಮುಗಿಸುವುದೂ ಇಲ್ಲ. 2000ದಲ್ಲಿ ಮೊದಲ ಸಿಮ್ಸ್ ಬಂದಾಗ ಅಣ್ಣನ ಕಂಪ್ಯೂಟರಿನಲ್ಲಿ ಶುರು ಮಾಡಿದವಳು ನಾನು. ಇಷ್ಟು ವರ್ಷ ಆಡಿದ ಮೇಲೆ ನನಗೆ ಹೊಳೆದದ್ದು ಒಂದೇ ವಿಷಯ. ನೀವು ಗೇಮ್‌ನ ಸಮಯ ಓಡಿಸುವ ವೇಗದ ಬಟನ್ ಯಾವಾಗ ಒತ್ತುತ್ತೀರಿ ಅಂತ ನೋಡಿಕೊಳ್ಳಿ.

ಒಂದನೇ ವೇಗದಲ್ಲಿ ಗೇಮ್‌ನ ಒಂದು ನಿಮಿಷ ಅಂದರೆ ನಮ್ಮ ಒಂದು ಸೆಕೆಂಡು. ಅವರ ಒಂದು ದಿನಕ್ಕೆ ನಮಗೆ 24 ನಿಮಿಷ. ಸಿಮ್ ಕೆಲಸಕ್ಕೆ ಹೋದಾಗ, ಮಲಗಿದಾಗ ಎಲ್ಲರೂ ಎಲ್ಲಕ್ಕಿಂತ ಜೋರಾದ ಮೂರನೇ ವೇಗಕ್ಕೆ ಹೋಗುತ್ತೇವೆ. ಆದರೆ ಯಾವುದೋ ಒಂದು ಹೊತ್ತಿನಲ್ಲಿ ಕೈ ತಾನಾಗಿ ಒಂದನೇ ವೇಗಕ್ಕೆ ಬರುತ್ತದೆ. ಕೆಲವರಿಗೆ ಅದು ಗೋಡೆಗೆ ಬಣ್ಣ ಹಚ್ಚುವಾಗ, ಕೆಲವರಿಗೆ ಜಗಳ ಆಗುವಾಗ, ಕೆಲವರಿಗೆ ತೋಟದಲ್ಲಿ. ಅಲ್ಲೇ ಇದೆ ನಿಮ್ಮ ಆಟ.

ನನ್ನ ಕೈ ನಿಲ್ಲುವುದು ಮಕ್ಕಳು ದೊಡ್ಡವರಾಗುವ ಹೊತ್ತಿಗೆ. ಅದಕ್ಕೇ ನಾನು ತಲೆಮಾರು ಆಡುವವಳು. ಇದಕ್ಕೆ ಲೆಗಸಿ ಚಾಲೆಂಜ್ ಅಂತ ಒಂದು ಹಳೆಯ ಪದ್ಧತಿ ಇದೆ. ಉದ್ದ ಅಗಲ 64 ಚೌಕ ಇರುವ ದೊಡ್ಡ ಖಾಲಿ ಸೈಟಿನಲ್ಲಿ ಕೈಯಲ್ಲಿ ಹೆಚ್ಚು ಕಾಸಿಲ್ಲದೆ ಒಬ್ಬ ಸಿಮ್ ಶುರು ಮಾಡಬೇಕು, ಅದೇ ಮನೆಯಲ್ಲಿ ಹತ್ತು ತಲೆಮಾರು ಬಾಳಬೇಕು. ಅದರ ನಿಯಮ ಬಹಳ. ನಾನು ಎರಡನ್ನು ಮಾತ್ರ ಇಟ್ಟುಕೊಂಡಿದ್ದೇನೆ: ಮನೆ ಬದಲಿಸುವ ಹಾಗಿಲ್ಲ, ಸತ್ತವರನ್ನು, ಮೊದಲು ಉಳಿಸಿಟ್ಟ ಹಳೇ ಸೇವ್‌ಗೆ ಹೋಗಿ ವಾಪಸ್ ತರುವ ಹಾಗಿಲ್ಲ.

ಎರಡನೇ ನಿಯಮ ಏಕೆ ಅಂತ ಹೇಳುತ್ತೇನೆ. ನಾಲ್ಕನೇ ತಲೆಮಾರಿನ ಅಜ್ಜಿ ಒಬ್ಬಳಿದ್ದಳು, ಚಿತ್ರ ಬರೆಯುವವಳು. ಮನೆಯ ಗೋಡೆ ತುಂಬ ಅವಳದೇ ಚಿತ್ರ. ಮೊಮ್ಮಗಳ ಹುಟ್ಟುಹಬ್ಬದ ದಿನ ಕೇಕ್ ಮೇಜಿನ ಮೇಲೆ ಇಟ್ಟಿದ್ದೆ, ಮೇಣದಬತ್ತಿ ಹಚ್ಚಿಯಾಗಿತ್ತು. ಅಜ್ಜಿ ಅಡುಗೆಮನೆ ಬಾಗಿಲಲ್ಲೇ ಕುಸಿದಳು. ಕಪ್ಪು ನಿಲುವಂಗಿ ತೊಟ್ಟ ಸಾವಿನ ದೂತ ಬಂದು ನಿಂತ. ಮಗಳ ಕೈಯಲ್ಲಿ ಅವನನ್ನು ಬೇಡಿಸಿದೆ, ಅದಕ್ಕೆ ಗೇಮ್‌ನಲ್ಲಿ ಅವಕಾಶ ಇದೆ. ಅವನು ಒಪ್ಪಲಿಲ್ಲ. ಎಲ್ಲರೂ ಸುತ್ತ ನಿಂತು ಅಳುತ್ತಿದ್ದಾರೆ, ಕೇಕ್ ಹಾಗೇ ಇದೆ. ನಾನು ಗೇಮ್ ನಿಲ್ಲಿಸುವ ಪಾಜ್ ಒತ್ತಿ ತುಂಬ ಹೊತ್ತು ಕೂತೆ. ನಮ್ಮ ಅಜ್ಜಿ ಹೋದಾಗಲೂ ಮನೆಯಲ್ಲಿ ಒಂದು ನಾಮಕರಣದ ತಯಾರಿ ನಡೆದಿತ್ತು.

ಆಮೇಲೆ ಆ ಮೊಮ್ಮಗಳ ಕೈಯಲ್ಲಿ ಒಂದು ಚಿತ್ರ ಬರೆಸಿದೆ. ಮಕ್ಕಳು ಬರೆದದ್ದಲ್ವಾ, ಚೆನ್ನಾಗಿಯೇನೂ ಇಲ್ಲ. ಅಜ್ಜಿಯ ಚಿತ್ರಗಳ ಪಕ್ಕ ಹಾಕಿದ್ದೇನೆ. ಈಗ ಏಳನೇ ತಲೆಮಾರು ನಡೆಯುತ್ತಿದೆ, ಅದನ್ನು ಯಾರೂ ತೆಗೆದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಆಯಸ್ಸನ್ನು ಚಿಕ್ಕದು, ಸಾಮಾನ್ಯ, ದೀರ್ಘ ಅಂತ ಬದಲಿಸಬಹುದು. ನಿಮಗೆ ದಿನಕ್ಕೆ ಒಂದೇ ಗಂಟೆ ಅಂದಿರಿ. ತಲೆಮಾರು ಆಡುವ ಆಸೆ ಇದ್ದರೆ ದೀರ್ಘಕ್ಕೆ ಹೋಗಬೇಡಿ, ಒಂದು ಮಗು ದೊಡ್ಡದಾಗುವಷ್ಟರಲ್ಲಿ ವಾರಗಳೇ ಕಳೆಯುತ್ತವೆ.

ಮಂಗಳೂರಿನಿಂದ

ಮೈಸೂರಿನ ಅಕ್ಕ ಹೇಳಿದ ವೇಗದ ಮಾತು ನೂರಕ್ಕೆ ನೂರು ನಿಜ. ನಾನು ಗೇಮ್‌ನ ಗಡಿಯಾರವನ್ನೇ ಓಡಿಸುವುದಿಲ್ಲ. ನಾನು ಕಟ್ಟುವವನು ಮಾತ್ರ. ಮನೆ ಮುಗಿದ ಮೇಲೆ ಒಬ್ಬ ಸಿಮ್‌ನನ್ನು ಒಳಗೆ ಬಿಟ್ಟು ಎಲ್ಲ ಕೋಣೆಗೂ ಹೋಗಲು ಆಗುತ್ತದಾ, ಮೆಟ್ಟಿಲು ಹತ್ತುತ್ತಾನಾ ಅಂತ ನೋಡುತ್ತೇನೆ. ಅಷ್ಟಾದರೆ ಮುಂದಿನ ಸೈಟು.

ಇದೂ ಆಟವಾ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದು. ಸಿಮ್ಸ್ ಹುಟ್ಟಿದ್ದೇ ಮನೆ ಕಟ್ಟುವ ಆಸೆಯಿಂದ. 1991ರಲ್ಲಿ ಅಮೆರಿಕದ ಓಕ್‌ಲ್ಯಾಂಡ್‌ನ ಬೆಂಕಿಯಲ್ಲಿ ಈ ಗೇಮ್ ಹುಟ್ಟುಹಾಕಿದ ವಿಲ್ ರೈಟ್ ಅವರ ಮನೆ ಸುಟ್ಟುಹೋಯಿತು. ಮತ್ತೆ ಸಂಸಾರ ಕಟ್ಟಿಕೊಳ್ಳುವಾಗ ಬಂದ ಯೋಚನೆ ಇದು. ಅವರು ಮೊದಲು ಅಂದುಕೊಂಡಿದ್ದು ಮನೆ ವಿನ್ಯಾಸದ ಗೇಮ್. ಮನೆ ವಾಸಕ್ಕೆ ಹೇಗಿದೆ ಅಂತ ಅಳೆಯಲು ಒಳಗೆ ಪುಟ್ಟ ಮನುಷ್ಯರನ್ನು ಬಿಟ್ಟರು. ಆ ಮನುಷ್ಯರೇ ಮುಂದೆ ಗೇಮ್ ಆದರು.

ಕಳೆದ ತಿಂಗಳು ತೊಟ್ಟಿ ಮನೆ ಕಟ್ಟಿದೆ. ಅಮ್ಮನ ತವರು ಮನೆಯ ನೆನಪಿನಲ್ಲಿ. ಮೂರು ಸಲ ಕೆಡವಿದೆ. ಸುತ್ತ ನಾಲ್ಕೂ ಕಡೆ ಗೋಡೆ ಎತ್ತಿದರೆ ಗೇಮ್ ನಡುವಿನ ಅಂಗಳವನ್ನೂ ಒಂದು ಕೋಣೆ ಅಂದುಕೊಳ್ಳುತ್ತದೆ. ಕೊನೆಗೆ ಒಂದು ಬದಿಗೆ ಗೋಡೆ ಬಿಟ್ಟು ಕಂಬ ಮಾತ್ರ ನಿಲ್ಲಿಸಿದೆ. ಒಂದೇ ಕಡೆ ಇಳಿಜಾರು ಇರುವ ಚಾವಣಿಯ ತುಂಡುಗಳನ್ನು ಅಂಗಳದ ಕಡೆಗೆ ಬಗ್ಗಿಸಿದೆ, ಅದಕ್ಕೆ ಕೆಂಪು ಹೆಂಚು. ನಡುವೆ ನಾಲ್ಕು ಚೌಕ ಕಲ್ಲು ಹಾಸಿ ಒಂದು ಗಿಡ ಇಟ್ಟೆ. ತುಳಸಿ ಕಟ್ಟೆ ಅಂತ ವಸ್ತು ಇಲ್ಲ, ಚಿಕ್ಕ ಕಂಬದ ಮೇಲೆ ಕುಂಡ ಕೂರಿಸಿದೆ. ಜಗಲಿಯಿಂದ ಒಳಗೆ ನೋಡಿದರೆ ಮೊದಲು ಕಾಣುವುದು ಅದೇ. ಅಮ್ಮನಿಗೆ ಫೋನಿನಲ್ಲಿ ಫೋಟೋ ಕಳಿಸಿದೆ. "ಬಚ್ಚಲು ಮನೆ ಹಿಂದೆ ಇತ್ತು ಮಗಾ, ಎಡಕ್ಕಲ್ಲ" ಅಂದರು. ಅದೇ ರಾತ್ರಿ ಬದಲಿಸಿದೆ.

ಒಂದು ಸಲ ಕಟ್ಟಿ ನೋಡಿ. ಕುಟುಂಬವನ್ನು ಆರಿಸದೆ ನಕ್ಷೆಯಿಂದಲೇ ನೇರ ಖಾಲಿ ಸೈಟಿಗೆ ಹೋದರೆ ದುಡ್ಡಿನ ಲೆಕ್ಕವೇ ಇಲ್ಲ. ಆಗಲೂ ಬೇಜಾರಾದರೆ ಕಟ್ಟುವುದು ನಿಮ್ಮ ದಾರಿ ಅಲ್ಲ, ಅಷ್ಟು ಗೊತ್ತಾಗುತ್ತದೆ.

ದಾವಣಗೆರೆಯಿಂದ

ನಾನು ಕಾಲೇಜು ಹುಡುಗ. ನನಗೆ ಕಷ್ಟ ಇಲ್ಲದಿದ್ದರೆ ನಿದ್ದೆ ಬರುತ್ತದೆ. ನಿಮ್ಮದೂ ಹಾಗೇ ಇರಬಹುದು ಅಕ್ಕ, ಯಾಕಂದರೆ 20,000 ಕೈಯಲ್ಲಿ ಇಟ್ಟುಕೊಂಡು ಶುರು ಮಾಡಿದರೆ ಸಿಮ್‌ಗೆ ನಿಜವಾದ ಚಿಂತೆಯೇ ಇರಲ್ಲ.

ಹೀಗೆ ಮಾಡಿ. ಖಾಲಿ ಸೈಟು ಕೊಂಡು ಕಂಟ್ರೋಲ್, ಶಿಫ್ಟ್, ಸಿ ಮೂರನ್ನೂ ಒಟ್ಟಿಗೆ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ 'ಮನಿ' ಅಂತ ಬರೆದು ಪಕ್ಕದಲ್ಲಿ 0 ಹಾಕಿ. ಇದ್ದ ಕಾಸೆಲ್ಲ ಹೋಗುತ್ತದೆ. ಎಲ್ಲರೂ ಇಂಥ ಚೀಟ್ (ಗೇಮ್‌ನ ಅಡ್ಡದಾರಿ) ಹಾಕುವುದು ಒಂದೇ ಏಟಿಗೆ 50,000 ಸಿಗಲಿ ಅಂತ. ಇದು ಅದರ ಉಲ್ಟಾ. ಈಗ ಸಿಮ್‌ಗೆ ಮನೆ ಇಲ್ಲ, ಒಲೆ ಇಲ್ಲ. ಸ್ನಾನಕ್ಕೆ ಜಿಮ್‌ಗೆ ಹೋಗಬೇಕು. ಪಾರ್ಕಿನ ಬೆಂಚಿನ ಮೇಲೆ ತೂಕಡಿಸಬೇಕು. ಕಪ್ಪೆ ಹಿಡಿದು, ಮೀನು ಹಿಡಿದು, ಬೇಲಿ ಬದಿಯ ಹಣ್ಣು ಕಿತ್ತು ಮಾರಬೇಕು. ನನ್ನವನು ಒಂಬತ್ತನೇ ದಿನ ಮೊದಲ ಮಂಚ ಕೊಂಡ. ಆಕಾಶದ ಕೆಳಗೆ ಒಂಟಿ ಮಂಚ. ಅವತ್ತು ನನಗಾದ ಖುಷಿ ದೊಡ್ಡ ಬಂಗಲೆ ಕಟ್ಟಿದಾಗಲೂ ಆಗಿಲ್ಲ.

ಬೆಂಗಳೂರಿನಿಂದ

ಆಡುವ ರೀತಿ ಬಗ್ಗೆ ಎಲ್ಲ ಹೇಳಿದ್ದಾರೆ. ನಾನು ಸೇವ್ ಬಗ್ಗೆ ಮಾತ್ರ ಹೇಳುತ್ತೇನೆ. ಗೇಮ್ ಬದಲಿಸಲು ಬೇರೆ ಆಟಗಾರರು ಮಾಡಿದ ಮಾಡ್‌ಗಳನ್ನು ಹಾಕಿಕೊಂಡರೆ, ಗೇಮ್‌ಗೆ ಅಪ್‌ಡೇಟ್ ಬಂದಾಗ ಅವು ತಾವೇ ಆಫ್ ಆಗುತ್ತವೆ. ಹಾಗೆ ಆಗುವುದಕ್ಕೆ ಕಾರಣ ಇದೆ, ಹಳೇ ಮಾಡ್ ಅಪ್‌ಡೇಟ್ ಆದ ಗೇಮ್‌ಗೆ ಹೊಂದದೆ ಇರಬಹುದು. ನಾನು ನೋಡದೆ ಎಲ್ಲವನ್ನೂ ಆನ್ ಮಾಡಿ, ಕೆಟ್ಟ ಸ್ಥಿತಿಯಲ್ಲೇ ಅದೇ ಸೇವ್ ಮೇಲೆ ಸೇವ್ ಮಾಡಿದೆ. ಎಂಟು ತಿಂಗಳ ಕುಟುಂಬ ಹೋಯಿತು. ಎರಡು ವಾರ ಗೇಮ್ ತೆರೆಯಲು ಮನಸ್ಸಾಗಲಿಲ್ಲ. ವಾರಕ್ಕೊಮ್ಮೆ 'ಸೇವ್ ಆ್ಯಸ್' ಕೊಟ್ಟು ಬೇರೆ ಹೆಸರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಯಾವ ರೀತಿ ಆಡಿದರೂ ಇದು ಬೇಕು.

ಡಲ್ಲಾಸ್‌ನಿಂದ, ಊರು ಶಿವಮೊಗ್ಗ

ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ನನಗೆ ತುಂಬ ಹಿಡಿಸಿತು. 14 ಕುಟುಂಬ, ಅಳಿಸಲು ಮನಸ್ಸಾಗಲ್ಲ ಅಂದಿರಿ. ಬೇಜಾರಾದವರು ಹಾಗೆ ಉಳಿಸಿಕೊಳ್ಳುತ್ತಾರಾ? ನಿಮಗೆ ಅವರ ಮೇಲೆ ಪ್ರೀತಿ ಇದೆ. ಒಬ್ಬರ ಜೊತೆಯೇ ದಿನಗಟ್ಟಲೆ ಕೂರಲು ಆಗಲ್ಲ, ಅಷ್ಟೇ. ನಾನೂ ಹಾಗೇ ಇದ್ದೆ.

ನಾನು ಸರದಿ ಪ್ರಕಾರ ಆಡುತ್ತೇನೆ. ಒಂದೇ ಊರಿನಲ್ಲಿ ಆರು ಮನೆ. ಒಂದು ಮನೆಯಲ್ಲಿ ಎರಡು ದಿನ, ಆಮೇಲೆ ಪಕ್ಕದ ಮನೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟಿರುತ್ತೇನೆ: ಯಾರಿಗೆ ಯಾರ ಮೇಲೆ ಸಿಟ್ಟು, ಯಾರು ಬಸುರಿ, ಯಾರು ಕೆಲಸ ಬಿಟ್ಟರು. ಮತ್ತೆ ಮೊದಲ ಮನೆಗೆ ಬರುವ ಹೊತ್ತಿಗೆ ಅವರನ್ನು ನೋಡುವ ಆಸೆ ಹುಟ್ಟಿರುತ್ತದೆ. ರಜೆಗೆ ಶಿವಮೊಗ್ಗಕ್ಕೆ ಹೋದಾಗ ಒಂದೊಂದೇ ಮನೆಗೆ ಹೋಗಿ ಕಾಫಿ ಕುಡಿದು ಬರುತ್ತೇವಲ್ಲ, ಹಾಗೆ.

ಇದಕ್ಕೆ ಎರಡು ಸೆಟ್ಟಿಂಗ್ ಮುಖ್ಯ. ವಯಸ್ಸು ಏರುವುದನ್ನು 'ಈಗ ಆಡುತ್ತಿರುವ ಕುಟುಂಬಕ್ಕೆ ಮಾತ್ರ' ಅಂತ ಇಡಿ. ಇಲ್ಲವಾದರೆ ನೀವು ಒಂದು ಮನೆಯಲ್ಲಿ ಇರುವಾಗ ಇನ್ನೊಂದು ಮನೆಯವರಿಗೆ ವಯಸ್ಸಾಗಿಬಿಡುತ್ತದೆ. ಇನ್ನೊಂದು, ನೆಬರ್‌ಹುಡ್ ಸ್ಟೋರೀಸ್. ಅದು ಆನ್ ಇದ್ದರೆ ನೀವು ನೋಡದಿದ್ದಾಗ ಅವರು ತಾವೇ ಕೆಲಸ ಬದಲಿಸುತ್ತಾರೆ, ಮಗು ದತ್ತು ತಗೊಳ್ಳುತ್ತಾರೆ. ನಾನು ನನ್ನ ಆರು ಮನೆಗೆ ಆಫ್ ಮಾಡಿದ್ದೇನೆ, ಊರಿನ ಉಳಿದವರಿಗೆ ಬಿಟ್ಟಿದ್ದೇನೆ.

ನನ್ನ ಹತ್ತಿರ 2018ರಲ್ಲಿ ಬಂದ ಸೀಸನ್ಸ್ ಪ್ಯಾಕ್ ಇದೆ. ಅದರ ಕ್ಯಾಲೆಂಡರಿನಲ್ಲಿ ನಮ್ಮದೇ ಹಬ್ಬ ಸೇರಿಸಬಹುದು, ಹೆಸರು ನಾವೇ ಇಡಬಹುದು. ವಸಂತದ ಮೊದಲ ದಿನ ಯುಗಾದಿ ಇಟ್ಟಿದ್ದೇನೆ. ಶರತ್ಕಾಲಕ್ಕೆ ದೀಪಾವಳಿ, ಅದರ ಪದ್ಧತಿಗಳಲ್ಲಿ ದೀಪ ಹಾಕುವುದು, ಅತಿಥಿಗಳನ್ನು ಕರೆಯುವುದು, ಹಬ್ಬದೂಟ. ಇಲ್ಲಿ ನಮ್ಮ ಮನೆಯಲ್ಲಿ ಇರುವುದು ನಾವು ಮೂರೇ ಜನ. ಗೇಮ್‌ನ ದೀಪಾವಳಿಗೆ ಆರು ಮನೆಯವರನ್ನೂ ಕರೆಯುತ್ತೇನೆ. ಕುರ್ಚಿ ಸಾಲದೆ ಅರ್ಧ ಜನ ತಟ್ಟೆ ಹಿಡಿದು ಮೆಟ್ಟಿಲ ಹತ್ತಿರ ನಿಂತೇ ತಿನ್ನುತ್ತಾರೆ. ಅವತ್ತು ವೇಗದ ಬಟನ್ ಮುಟ್ಟುವುದೇ ಇಲ್ಲ.

ಆದರೆ ನೀವು ಸದ್ಯಕ್ಕೆ ಯಾವ ಪ್ಯಾಕೂ ಕೊಳ್ಳಬೇಡಿ. ನಿಮ್ಮ ಮೂಲ ಗೇಮ್‌ನಲ್ಲೇ ನ್ಯೂಕ್ರೆಸ್ಟ್ ಅಂತ ಒಂದು ಜಾಗ ಇದೆ. ಪೂರ್ತಿ ಖಾಲಿ, ಒಟ್ಟು 15 ಸೈಟು. ನಿಮ್ಮ ಹತ್ತಿರ 14 ಕುಟುಂಬ ಇವೆ. ಹೊಸ ಸಿಮ್ ಮಾಡುವುದನ್ನು ಒಂದು ತಿಂಗಳು ನಿಲ್ಲಿಸಿ, ಇವರನ್ನೆಲ್ಲ ಲೈಬ್ರರಿಯಿಂದ ತಂದು ಒಂದೇ ಸೇವ್‌ನಲ್ಲಿ, ಒಂದೇ ಊರಿನಲ್ಲಿ ಇಳಿಸಿ. ಒಂದು ಸೈಟು ಉಳಿಯುತ್ತದೆ. ಅದನ್ನು ಪಾರ್ಕ್ ಮಾಡಿ, ಎಲ್ಲರೂ ಅಲ್ಲಿ ಸಿಗಲಿ.

ಮೈಸೂರಿನಿಂದ, ಮತ್ತೆ

15 ಸೈಟು, 14 ಕುಟುಂಬ! ನನಗೆ ಇದು ಹೊಳೆಯಲೇ ಇಲ್ಲ. ನಾನು ಹೇಳಿದ ತಲೆಮಾರಿನ ಮಾತು ಪಕ್ಕಕ್ಕಿಡಿ ತಂಗಿ, ಮೊದಲು ಇದನ್ನು ಮಾಡಿ.

ಕೇಳಿದವರು, ಹನ್ನೊಂದು ದಿನದ ನಂತರ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಪಾರ್ಕನ್ನೇ ಮೊದಲು ಮಾಡಿದೆ. ಒಂದು ಚೆಸ್ ಮೇಜು, ಎರಡು ಬೆಂಚು, ಒಂದು ಗ್ರಿಲ್. ಸುತ್ತ ಆರು ಕುಟುಂಬ ಇಳಿಸಿದ್ದೇನೆ, ಇನ್ನೂ ಎಂಟು ಬರಬೇಕು.

ನನ್ನ ಕೈ ಎಲ್ಲಿ ನಿಲ್ಲುತ್ತದೆ ಅಂತ ನಾಲ್ಕನೇ ರಾತ್ರಿ ಗೊತ್ತಾಯಿತು. ನನ್ನ ಮೂರನೇ ಸಿಮ್ ಒಬ್ಬ ಮುಂಗೋಪಿ ಮೇಷ್ಟ್ರು, ಎಂಟನೆಯವಳು ತೋಟ ಮಾಡುವ ಹುಡುಗಿ. ಇಬ್ಬರನ್ನೂ ಬೇರೆ ಬೇರೆ ತಿಂಗಳಲ್ಲಿ ಮಾಡಿ ಬಿಟ್ಟಿದ್ದೆ. ಮೇಷ್ಟ್ರನ್ನು ಆಡುತ್ತಾ ಪಾರ್ಕಿಗೆ ಕಳಿಸಿದರೆ ಅವಳು ಆಗಲೇ ಚೆಸ್ ಮೇಜಿನ ಹತ್ತಿರ ಕೂತಿದ್ದಳು. ನಾನು ಹೇಳದೆಯೇ ಇವನು ಹೋಗಿ ಎದುರಿಗೆ ಕೂತ. ಅವರು ಮಾತಾಡುವ ಸಿಮ್ಲಿಶ್ ಒಂದಕ್ಷರ ಅರ್ಥ ಆಗಲ್ಲ, ಆದರೂ ಪೂರ್ತಿ ಒಂದನೇ ವೇಗದಲ್ಲಿ ನೋಡಿದೆ. ಇಬ್ಬರು ಸಿಮ್‌ಗಳು ಮಾತಿಗೆ ಕೂತರೆ ನಾನು ಅಲ್ಲಾಡುವುದಿಲ್ಲ. ಇಷ್ಟು ದಿನ ಒಬ್ಬೊಬ್ಬರನ್ನೇ ಬೇರೆ ಬೇರೆ ಸೇವ್‌ನಲ್ಲಿ ಇಟ್ಟಿದ್ದೆ, ಅವರಿಗೆ ಮಾತಾಡಲು ನನ್ನವರು ಅಂತ ಯಾರೂ ಇರಲಿಲ್ಲ.

ನೋಟ್‌ಬುಕ್ ಒಂದು ತಗೊಂಡಿದ್ದೇನೆ. ವಯಸ್ಸಿನ ಸೆಟ್ಟಿಂಗ್ ಡಲ್ಲಾಸ್ ಅಕ್ಕ ಹೇಳಿದ ಹಾಗೇ ಇಟ್ಟಿದ್ದೇನೆ. ಭಾನುವಾರ ರಾತ್ರಿ 'ಸೇವ್ ಆ್ಯಸ್'.

ಮಂಗಳೂರಿನ ಅಣ್ಣಾ, ತೋಟದ ಹುಡುಗಿಯ ಮನೆ ಮುಂದೆ ಜಗಲಿ ಕಟ್ಟಬೇಕು. ಇಬ್ಬರು ಎದುರು ಬದುರು ಕೂರುವಷ್ಟು ಸಾಕು. ಎಷ್ಟು ಚೌಕ ಅಗಲ ಬಿಡಲಿ?