ಬೀಗ ಹಾಕಿದ ಫೋನಿನಲ್ಲಿ ಮಾತಾಡಿದವರು ಯಾರು?

ತೀರ್ಥಹಳ್ಳಿ ಕಡೆಯ ಆಷಾಢದ ಮಳೆ ಗೊತ್ತಲ್ಲ, ಒಮ್ಮೆ ಶುರುವಾದರೆ ನಿಲ್ಲುವುದನ್ನೇ ಮರೆತುಬಿಡುತ್ತದೆ. ಕರೆಂಟು ಹೋಗಿ ಎರಡು ದಿನವಾಗಿತ್ತು. ಮೊಬೈಲುಗಳು ಒಂದೊಂದಾಗಿ ಕಣ್ಣು ಮುಚ್ಚಿದ್ದವು. ಮಾಡಲು ಬೇರೆ ಕೆಲಸವಿಲ್ಲದೆ ನಾವು ನಾಲ್ಕು ಜನ ಭಟ್ಟರ ಮನೆ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ಮುರಿಯುತ್ತಿದ್ದೆವು. ಭಟ್ಟರು ನನಗೆ ಸೋದರಮಾವ. ಜೊತೆಗೆ ರಿಟೈರಾದ ಮೇಷ್ಟ್ರು, ರಿಟೈರಾದ ಟೆಲಿಫೋನ್ ಲೈನ್‌ಮನ್ ತಿಮ್ಮಣ್ಣ.

ಮಾವ ಅಟ್ಟ ಹತ್ತಿ ಕಂದೀಲು ಹುಡುಕಲು ಹೋದವರು ಹಳೇ ಕಪ್ಪು ಫೋನು ಹಿಡಿದುಕೊಂಡು ಇಳಿದರು. ಅದರ ಡಯಲ್ಲಿನ ಒಂದು ತೂತಿಗೆ ಹಾಕಿದ್ದ ಪುಟ್ಟ ಬೀಗ ಇನ್ನೂ ಹಾಗೇ ಇತ್ತು.

"ನೋಡಿ ಮೇಷ್ಟ್ರೇ," ಅಂದರು ಮಾವ. "1993. ಬೀಗ ಇಲ್ಲಿ, ಕೀಲಿಕೈ ನನ್ನ ಜನಿವಾರದಲ್ಲಿ. ಆದರೂ ಎರಡು ತಿಂಗಳ ಬಿಲ್ಲು ಸಾವಿರದ ನಾನೂರು ರೂಪಾಯಿ! ಮಾತಾಡಿದವರು ಯಾರು?"

ಹೀಗೆ ಕೇಳುತ್ತಾ ಅವರು ತಿಮ್ಮಣ್ಣನ ಕಡೆ ನೋಡಿದರು. ಮೂವತ್ತು ವರ್ಷದಿಂದ ನೋಡುತ್ತಲೇ ಇದ್ದಾರೆ. ಕಂಬ ಹತ್ತಿ, ಟೆಸ್ಟ್ ಫೋನು ಸಿಕ್ಕಿಸಿ, ನಮ್ಮ ಲೈನಿನಲ್ಲಿ ಹೆಂಡತಿಯ ತವರಿಗೆ ಮಾತಾಡಿದ್ದು ತಿಮ್ಮಣ್ಣನೇ ಅನ್ನುವುದು ಮಾವನ ತೀರ್ಪು. ಬಾಯಿಬಿಟ್ಟು ಒಮ್ಮೆಯೂ ಹೇಳಿದವರಲ್ಲ. ಅವತ್ತಿನಿಂದ ಈ ಮನೆಯಲ್ಲಿ ತಿಮ್ಮಣ್ಣನ ಕಾಫಿಗೆ ಮಾತ್ರ ಸಕ್ಕರೆ ಕಮ್ಮಿ, ಅಷ್ಟೆ.

ನಾನು ತಕ್ಷಣ, "ಅದಿರಲಿ ಮಾವ, ಆಗೆಲ್ಲ ಕರೆಂಟು ಹೋದರೂ ಫೋನು ಇರ್ತಿತ್ತಲ್ಲ, ಅದು ಹೇಗೆ?" ಅಂದೆ.

ತಿಮ್ಮಣ್ಣ ಎದೆ ಉಬ್ಬಿಸಿದ. "ನಿಮ್ಮ ಕರೆಂಟು ಯಾರಿಗೆ ಬೇಕಿತ್ತು? ಫೋನು ಇರೋದು ನಿಮ್ಮ ಮನೇಲಿ, ಊಟ ಮಾತ್ರ ಊರಿನ ಲೈನೆಲ್ಲ ಸೇರೋ ನಮ್ಮ ಎಕ್ಸ್‌ಚೇಂಜಿನಲ್ಲಿ. ಅಲ್ಲಿ ಎರಡೆರಡು ವೋಲ್ಟಿನ 24 ಬ್ಯಾಟರಿ ಸೆಲ್ ಸಾಲಾಗಿ. ಒಟ್ಟು 48 ವೋಲ್ಟ್. ಪ್ಲಸ್ಸನ್ನು ಭೂಮಿಗೆ ಕಟ್ಟಿ ಮೈನಸ್ಸನ್ನು ಲೈನಿಗೆ ಕೊಡ್ತಿದ್ವಿ. ತಿರುಗಾಮುರುಗಾ ಮಾಡಿದರೆ ನೆಲದಡಿಯ ತಾಮ್ರದ ತಂತಿ ಬೇಗ ಸವೆದು ಹೋಗ್ತದೆ."

"ಅಂದ್ರೆ ಮನೆಯಲ್ಲಿರೋ ಫೋನಿಗೆ ಸ್ವಂತ ಬುದ್ಧಿ ಇಲ್ಲ?" ಅಂತ ಮೇಷ್ಟ್ರು ಕೇಳಿದರು.

"ಒಂದು ಚೂರೂ ಇಲ್ಲ ಸಾರ್. ರಿಸೀವರ್ ಕೆಳಗಿದ್ದಾಗ ತಂತಿ ಬಿಟ್ಟುಕೊಂಡಿರ್ತದೆ, ಕರೆಂಟು ಹರಿಯಲ್ಲ. ಎತ್ತಿದ ಕೂಡಲೇ ಕೂಡಿಕೊಳ್ತದೆ. ಇಪ್ಪತ್ತೋ ಮೂವತ್ತೋ ಮಿಲಿಆಂಪ್ ಹರೀತದೆ. ಅಷ್ಟು ಸಾಕು, ಅಲ್ಲಿ ಎಕ್ಸ್‌ಚೇಂಜಿಗೆ 'ಓ, ಭಟ್ರು ಎತ್ತಿದರು' ಅಂತ ಗೊತ್ತಾಗ್ತದೆ. ಗೊಂಯ್ ಅಂತ ಡಯಲ್ ಟೋನ್ ಕೊಡ್ತದೆ."

"ಮಾತು?"

"ಅದೂ ಅದೇ ಎರಡು ತಂತೀಲಿ. ಬಾಯಿ ಕಡೆ ಡಬ್ಬೀಲಿ ಕರಿ ಪುಡಿ ಇರ್ತದೆ, ಇಂಗಾಲದ್ದು. ನೀವು ಮಾತಾಡಿದರೆ ಪುಡಿ ಒತ್ತಿ ಸಡಿಲ ಆಗ್ತದೆ. ಒತ್ತಿದಾಗ ಕರೆಂಟು ಜಾಸ್ತಿ, ಸಡಿಲ ಆದಾಗ ಕಮ್ಮಿ. ಆ ಏರಿಳಿತವೇ ನಿಮ್ಮ ಮಾತು. ಮಳೆಗಾಲ ಬಂತೋ, ಪುಡಿ ಥಂಡಿ ಹಿಡಿದು ಗಟ್ಟಿ ಆಗ್ತಿತ್ತು. ಆಗ ಕಂಪ್ಲೇಂಟು! ನಾನು ಹತ್ತು ಮೈಲಿ ಸೈಕಲ್ ತುಳಿದು ಬಂದು ಮಾಡ್ತಿದ್ದ ರಿಪೇರಿ ಏನು? ರಿಸೀವರನ್ನು ಅಂಗೈಗೆ ಎರಡು ಸಲ ಕುಟ್ಟೋದು."

"ಅದಕ್ಕೆ ನನ್ನ ಹತ್ತಿರ ಒಂದು ಗೊನೆ ಬಾಳೆಹಣ್ಣು ತಗೊಂಡು ಹೋದೆಯಲ್ಲ ಮಾರಾಯ!" ಮಾವನಿಗೆ ಈಗ ಹೊಸ ಕೇಸು ಸಿಕ್ಕಿತು.

ಮೇಷ್ಟ್ರಿಗೆ ಮಾತ್ರ ಬೇರೆ ಚಿಂತೆ. "ನಮ್ಮ ಮನೇಲಿ ಅಪ್ಪಯ್ಯ ಬೊಂಬಾಯಿಗೆ ಮಾತಾಡುವಾಗ ದನಿ ಎತ್ತರಿಸಿ ಕೂಗೋರು. ತೀರ್ಥಹಳ್ಳಿಗೆ ಆದ್ರೆ ಮೆಲ್ಲಗೆ. ದೂರಕ್ಕೆ ತಕ್ಕ ದನಿ. ಅದಕ್ಕೇನಾದ್ರೂ ವಿಜ್ಞಾನ ಉಂಟಾ?"

"ಕೂಗಬಾರದು ಅಂತಲೇ ನಮ್ಮ ದನಿ ಒಂಚೂರು ನಮ್ಮ ಕಿವಿಗೇ ವಾಪಸ್ ಬರೋ ಹಾಗೆ ಮಾಡಿದ್ರು ಸಾರ್. ಆದರೆ ನಮ್ಮ ಜನಕ್ಕೆ ಅದೆಲ್ಲ ಲೆಕ್ಕಕ್ಕಿಲ್ಲ. ಕೆಲವರಿಗೆ ಫೋನೇ ಬೇಕಿರಲಿಲ್ಲ, ಕಿಟಕಿ ತೆಗೆದಿದ್ದರೆ ಸಾಕಿತ್ತು."

ಬಿಲ್ಲಿನ ವಿಷಯ ಮರೆಯಾಯಿತು ಅಂತ ನಾನು ನೆಮ್ಮದಿಯಾಗಿ ಇನ್ನೊಂದು ಹಪ್ಪಳಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಮಾವ, "ಕಂಬ ಹತ್ತಿ ಲೈನಿಗೆ ಸಿಕ್ಕಿಸಿಕೊಂಡರೆ ಬಿಲ್ಲು ಯಾರಿಗೆ ಬರ್ತದೆ ತಿಮ್ಮಾ?" ಅಂದರು. ನೋಡಿ, ಹಳೇ ಗಾಯ.

"ಲೈನು ಯಾರದ್ದೋ ಅವರಿಗೆ. ಆ ಜೋಡಿ ತಂತಿಯ ಹಿಂದೆ ಯಾರಿದ್ದಾರೆ ಅಂತ ಎಕ್ಸ್‌ಚೇಂಜಿಗೆ ಹೇಗೆ ಗೊತ್ತಾಗಬೇಕು? ಆದರೆ ಭಟ್ರೇ, ನನಗೆ ಎಕ್ಸ್‌ಚೇಂಜಿನ ಒಳಗೇ, ಫ್ಯಾನಿನ ಕೆಳಗೆ, ಕುರ್ಚಿ ಮೇಲೆ ಫೋನಿತ್ತು. ಮಾತಾಡಬೇಕಾದರೆ ಮಳೇಲಿ ನಿಮ್ಮ ಕಂಬ ಯಾಕೆ ಹತ್ತಲಿ? ಕಂಬ ಹತ್ತಿದ ಸುಖ ನನಗೆ ಗೊತ್ತು. ಒಂದ್ಸಲ ಕೈಯೆರಡೂ ಖಾಲಿ ಇರಲಿಲ್ಲ ಅಂತ ತಂತಿಯ ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲಿ ಸುಲೀತಾ ಇದ್ದೆ. ಅದೇ ಹೊತ್ತಿಗೆ ಯಾರೋ ಪುಣ್ಯಾತ್ಮ ನಿಮ್ಮ ನಂಬರಿಗೆ ಫೋನ್ ಮಾಡಿದ. ಬೆಲ್ ಹೊಡೆಯೋಕೆ ಬರೋದು 48 ಅಲ್ಲ, ಎಪ್ಪತ್ತೈದು ವೋಲ್ಟ್, ಅದೂ ಹಿಂದೆಮುಂದೆ ಓಡೋ ಎಸಿ ಕರೆಂಟು. ನಿಮ್ಮ ಮನೇಲಿ ಬೆಲ್ ಆಗ್ಲಿಲ್ಲ. ನನ್ನ ದವಡೇಲಿ ಆಯ್ತು."

"ಎತ್ತಬೇಕಿತ್ತು," ಅಂದರು ಮೇಷ್ಟ್ರು.

ನಗು ನಿಲ್ಲುವ ಮೊದಲೇ ನಾನು ಇನ್ನಷ್ಟು ದೂರಕ್ಕೆ ಎಳೆದೆ. ನಮ್ಮ ಕರ್ನಾಟಕ ಏನು ಕಮ್ಮಿ, ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲೇ ಸರ್ಕಾರಿ ಫೋನು ಕಾರ್ಖಾನೆ ಐಟಿಐ ಶುರುವಾಯ್ತು, ದೇಶದ ಮನೆಮನೆಗೆ ಫೋನು ಹೋಗಿದ್ದು ಅಲ್ಲಿಂದ ಅಂದೆ. 1984ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹುಟ್ಟಿತು, ಹಳ್ಳಿಗಳಿಗೆ ಅಂತಲೇ ಏಸಿ ಕೋಣೆ ಬೇಡದ ಚಿಕ್ಕ ಎಕ್ಸ್‌ಚೇಂಜ್ ಮಾಡಿತು, 1986ರಲ್ಲಿ ಅದರಲ್ಲಿ ಮೊದಲನೆಯದನ್ನು ಕೂರಿಸಿದ್ದು ಚೆನ್ನಮ್ಮನ ಕಿತ್ತೂರಿನಲ್ಲಿ ಅಂದೆ. ಉಸಿರು ಬಿಡದೆ ಅಮೆರಿಕಕ್ಕೂ ಹೋದೆ. ಅಲ್ಲಿ ಸ್ಟ್ರೌಜರ್ ಅಂತ ಒಬ್ಬ, ಶವಸಂಸ್ಕಾರದ ವ್ಯಾಪಾರದವನು. ಊರಿನ ಎಕ್ಸ್‌ಚೇಂಜಿನಲ್ಲಿ ಕನೆಕ್ಷನ್ ಕೊಡುವ ಹೆಂಗಸು ಅವನ ಎದುರಾಳಿ ವ್ಯಾಪಾರಿಯ ಹೆಂಡತಿಯಂತೆ. ಇವನಿಗೆ ಬರಬೇಕಾದ ಕರೆಗಳನ್ನೆಲ್ಲ ಗಂಡನಿಗೆ ತಿರುಗಿಸುತ್ತಿದ್ದಳು ಅಂತ ಕಥೆ. ಸಿಟ್ಟಿಗೆದ್ದ ಇವನು ನಡುವೆ ಮನುಷ್ಯರೇ ಬೇಡದ ಯಂತ್ರ ಮಾಡಿ 1891ರಲ್ಲಿ ಪೇಟೆಂಟ್ ತೆಗೆದುಕೊಂಡ.

"ಸತ್ತವರ ಮನೆ ಗಿರಾಕಿ ತಪ್ಪಿತು ಅಂತ ಇಷ್ಟೆಲ್ಲ!" ಅಂದರು ಮಾವ. "ನಾನು ಸಾವಿರದ ನಾನೂರು ಕೊಟ್ಟೂ ಸುಮ್ನೆ ಕೂತೆ."

ವಾಪಸ್ ಅಲ್ಲಿಗೇ ಬಂದರು. ಕಿತ್ತೂರು, ಅಮೆರಿಕ ಎಲ್ಲ ಸುತ್ತಿದ್ದು ದಂಡ.

ಮೇಷ್ಟ್ರು ಫೋನನ್ನು ತೊಡೆ ಮೇಲಿಟ್ಟುಕೊಂಡು ಬೀಗ ಅಲ್ಲಾಡಿಸುತ್ತಿದ್ದರು. "ಅಲ್ಲ ತಿಮ್ಮಣ್ಣ, ಈ ಡಯಲ್ ತಿರುಗಿಸಿದರೆ ನಂಬರು ಅಲ್ಲಿಗೆ ಹೇಗೆ ಹೋಗ್ತದೆ? ತಂತಿ ಎರಡೇ ಅಲ್ವಾ?"

ಈ ಪ್ರಶ್ನೆ ಬರಬಾರದಿತ್ತು.

"ಸುಲಭ ಸಾರ್. ಐದು ತಿರುಗಿಸಿ ಬಿಟ್ಟರೆ ಸ್ಪ್ರಿಂಗು ವಾಪಸ್ ಬರ್ತಾ ಐದು ಸಲ ಲೈನು ಕತ್ತರಿಸಿ ಕೂಡಿಸ್ತದೆ. ಟಕ ಟಕ ಟಕ. ಸೆಕೆಂಡಿಗೆ ಹತ್ತರ ಲೆಕ್ಕ. ಸೊನ್ನೆಗೆ ಹತ್ತು ಟಕ. ಎಕ್ಸ್‌ಚೇಂಜು ಎಣಿಸಿಕೊಳ್ತದೆ. ಆಮೇಲೆ ಗುಂಡಿ ಒತ್ತೋ ಫೋನು ಬಂತಲ್ಲ, ಅದರಲ್ಲಿ ಒಂದೊಂದು ಗುಂಡಿಗೆ ಎರಡೆರಡು ಸ್ವರ ಒಟ್ಟಿಗೆ. ಅದು ಬೇರೆ. ಈ ಡಯಲ್ಲಿನ ಕೆಲಸ ಲೈನು ಕತ್ತರಿಸೋದು, ಅಷ್ಟೆ. ಅದಕ್ಕೆ ಡಯಲ್ಲೇ ಬೇಕು ಅಂತೇನಿಲ್ಲ, ರಿಸೀವರ್ ಇಡೋ ಈ ಗುಂಡಿ ಒತ್ತಿದರೂ ಲೈನು ಕತ್ತರಿ..."

ತಿಮ್ಮಣ್ಣ ಅಲ್ಲಿಗೆ ನಿಲ್ಲಿಸಿದ. ಬೀಗ ನೋಡಿದ. ಗುಂಡಿ ನೋಡಿದ. ಮೆಲ್ಲಗೆ ಫೋನನ್ನು ತನ್ನ ಕಡೆ ಎಳೆದುಕೊಂಡು ಗುಂಡಿ ಕುಟ್ಟಿದ. ಟಕ್. ಟಕ್. ಟಕ್.

"ಭಟ್ರೇ. ನೀವು ಬೀಗ ಹಾಕಿದ್ದು ಡಯಲ್ಲಿಗೆ. ಇದಕ್ಕಲ್ಲ. ಆಗ ಮನೇಲಿ ಯಾರ್ಯಾರು ಇದ್ರು?"

ಮಳೆ ಸದ್ದು ಇದ್ದಕ್ಕಿದ್ದಂತೆ ಜಾಸ್ತಿಯಾದ ಹಾಗೆ ನನಗನ್ನಿಸಿತು. ಇದ್ದವರು ಮಾವ, ಅತ್ತೆ, ಮತ್ತೆ ಪಿಯುಸಿ ಓದಲು ಬಂದಿದ್ದ ಸೋದರಳಿಯ. ಹುಡುಗ ಬಹಳ ಸಾಧು ಅಂತ ಊರಿಗೆಲ್ಲ ಗೊತ್ತಿತ್ತು.

ಅದೇ ಗಳಿಗೆಯಲ್ಲಿ ನನ್ನ ಹೆಂಡತಿ ಕಾಫಿ ತಟ್ಟೆ ಹಿಡಿದು ಒಳಗಿಂದ ಬಂದಳು. ತಿಮ್ಮಣ್ಣ ಕುಟ್ಟುವುದನ್ನು ನೋಡಿ ಅವಳ ಮುಖ ಅರಳಿತು.

"ಅಯ್ಯೋ, ಇದೇ ಫೋನಾ ಅದು! ತಿಮ್ಮಣ್ಣ, ನೀವು ಅಷ್ಟು ನಿಧಾನ ಕುಟ್ಟಿದರೆ ಶಿವಮೊಗ್ಗ ಸಿಗಲ್ಲ. 08182 ಅಂದ್ರೆ ಬರೀ ಕೋಡಿಗೇ ಇಪ್ಪತ್ತೊಂಬತ್ತು ಸಲ ಕುಟ್ಟಬೇಕು. ಇವರು ಎಣಿಕೆ ತಪ್ಪಿ ಎಷ್ಟು ಸಲ ಅಕ್ಕಿ ಗಿರಣಿಗೆ ಮಾಡಿದ್ದಾರೋ! ಗಿರಣಿಯವರು 'ನಮ್ಮಲ್ಲಿ ಹುಡುಗಿ ಇಲ್ಲ, ಅಕ್ಕಿ ಬೇಕಾ?' ಅಂತಿದ್ರಂತೆ. ಒಂದ್ಸಲ ನಮ್ಮಮ್ಮ ಎತ್ತಿದ್ರು, ನಾನೇ ಅಂದ್ಕೊಂಡು ಇವರು ಐದು ನಿಮಿಷ..."

ನಾನು ಕೆಮ್ಮಿದೆ. ಪ್ರಯೋಜನವಾಗಲಿಲ್ಲ.

"ಅದು ನನ್ನ ತಪ್ಪಲ್ಲ," ಅಂದೆ. "ಇಂಥ ಫೋನು 300ರಿಂದ 3400 ಹರ್ಟ್ಸ್ ಒಳಗಿನ ದನಿ ಮಾತ್ರ ಸಾಗಿಸ್ತದೆ. ಕೆಳಗಿನದು, ಮೇಲಿನದು ಎಲ್ಲ ಕಟ್. ಅಮ್ಮ ಮಗಳು ಒಂದೇ ತರ ಕೇಳಿಸಿದರೆ ನಾನೇನು ಮಾಡಲಿ?"

ಯಾರೂ ವಿಜ್ಞಾನ ಕೇಳುವ ಮನಸ್ಥಿತಿಯಲ್ಲಿರಲಿಲ್ಲ. ಮಾವ ನನ್ನನ್ನೇ ನೋಡುತ್ತಿದ್ದರು. ಮಗಳು ಬೆಂಗಳೂರಿನಲ್ಲಿದ್ದಾಗ ದೂರದ ಕರೆಗೆ ಕಾಲು ಭಾಗದ ರೇಟು ಶುರುವಾಗಲಿ ಅಂತ ರಾತ್ರಿ ಹನ್ನೊಂದರ ತನಕ ತೂಕಡಿಸುತ್ತಾ ಇದೇ ಫೋನಿನ ಮುಂದೆ ಕಾಯುತ್ತಿದ್ದ ಮನುಷ್ಯ ಅವರು.

"ಸಂಜೆ ನಾನು ದೇವಸ್ಥಾನಕ್ಕೆ ಹೋದಾಗ?" ಅಂದರು.

"ಹೌದು ಮಾವ."

"ಪೂರ್ತಿ ರೇಟಿನಲ್ಲಿ?"

ನಾನು ತಲೆ ತಗ್ಗಿಸಿದೆ. ಕುಟ್ಟಿದ್ದಕ್ಕಿಂತ, ಶಿವಮೊಗ್ಗಕ್ಕಿಂತ, ಹುಡುಗಿಗಿಂತ ಅವರಿಗೆ ನೋವಾಗಿದ್ದು ಅದೊಂದೇ ಅಂತ ಕಾಣುತ್ತದೆ.

ಮಾವ ಎದ್ದು ಒಳಗೆ ಹೋದರು. ಸಕ್ಕರೆ ಡಬ್ಬಿ ತಂದು ತಿಮ್ಮಣ್ಣನ ಮುಂದೆ ಇಟ್ಟರು. ತಿಮ್ಮಣ್ಣ ಒಂದು ಚಮಚ ಹಾಕಿಕೊಂಡ. ಇನ್ನೊಂದು ಹಾಕಿಕೊಂಡ. ಮಾವನ ಮುಖ ನೋಡಿ ಮೂರನೆಯದನ್ನೂ ಹಾಕಿಕೊಂಡ.

"ನಂಗೆ ಶುಗರ್ ಇದೆ ಭಟ್ರೇ," ಅಂದ, ಕಲಕುತ್ತಾ. "ಆದರೂ ಇವತ್ತು ಬಿಡಲ್ಲ."

ನನ್ನ ಲೋಟ ಮಾತ್ರ ತಟ್ಟೆಯಲ್ಲಿ ಕಾಣಲಿಲ್ಲ. ಅದು ಮೇಷ್ಟ್ರ ಕೈಯಲ್ಲಿತ್ತು, ಎರಡನೇ ಸಲ.